ಮನೆಮಂದಿಯೆಲ್ಲ ಶ್ರೀಲಂಕಾಕ್ಕೆ: ತಿಂಗಳು ನೋಡಿ, ದಾರಿ ಗೀಚಿ, ಊಟ ಕೇಳಿ

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಗಡಿಯಾರ ತಿರುಗಿಸಬೇಕಿಲ್ಲ, ಅಲ್ಲಿಯ ಸಮಯವೂ ನಮ್ಮದೇ. ತೆಂಗಿನಕಾಯಿ, ಅನ್ನ, ಹಲಸು ಎಲ್ಲವೂ ಇವೆ. ಅಜ್ಜ ಅಜ್ಜಿ, ಸಣ್ಣ ಮಕ್ಕಳು ಎಲ್ಲರನ್ನೂ ಕರೆದುಕೊಂಡು ಮೊದಲ ಸಲ ವಿದೇಶಕ್ಕೆ ಹೊರಡುವವರಿಗೆ ಇದಕ್ಕಿಂತ ಸಲೀಸಾದ ದೇಶ ಸಿಗುವುದು ಕಷ್ಟ.

ಆದರೆ ಒಂದು ಮೋಸವಿದೆ. ನಕ್ಷೆಯಲ್ಲಿ ದೇಶ ಅಂಗೈಯಷ್ಟು ಕಾಣುತ್ತದೆ. ನಾಲ್ಕು ದಿನದಲ್ಲಿ ಮುಗಿಸಬಹುದು ಅನ್ನಿಸುತ್ತದೆ. ಅಲ್ಲಿಯ ಬೆಟ್ಟದ ರಸ್ತೆಯಲ್ಲಿ ಎಂಬತ್ತು ಕಿಲೋಮೀಟರ್ ಎಂದರೆ ಮೂರು ಗಂಟೆ. ಆದ್ದರಿಂದ ಈ ಪ್ರವಾಸದ ಯೋಜನೆ ಅಂದರೆ ಜಾಗಗಳನ್ನು ಸೇರಿಸುವುದಲ್ಲ, ತೆಗೆಯುವುದು.

ಮೊದಲು ತಿಂಗಳು, ಆಮೇಲೆ ಟಿಕೆಟ್

ಶ್ರೀಲಂಕಾಕ್ಕೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು ದಕ್ಷಿಣ ಮತ್ತು ಪಶ್ಚಿಮ ಕರಾವಳಿಯನ್ನು ತೋಯಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಳೆ ಪೂರ್ವದ ಕಡೆ. ಹಾಗಾಗಿ "ಶ್ರೀಲಂಕಾಕ್ಕೆ ಯಾವಾಗ ಹೋಗಬೇಕು" ಅನ್ನುವುದಕ್ಕಿಂತ "ಈ ತಿಂಗಳು ಯಾವ ಕಡೆಯ ಸಮುದ್ರ" ಅಂತ ಕೇಳುವುದು ಸರಿ.

ಕ್ರಿಸ್‌ಮಸ್ ರಜೆಯಲ್ಲಿ ಹೋಗುವುದಾದರೆ ದಕ್ಷಿಣದ ಗಾಲ್, ಉನವಟುನ, ಮಿರಿಸ್ಸ. ಬೇಸಿಗೆ ರಜೆ ಮೇ ತಿಂಗಳಿಗೆ ಬಿದ್ದರೆ ಪೂರ್ವದ ಟ್ರಿಂಕೋಮಲಿ ಅಥವಾ ಪಾಸಿಕುಡ. ಪಾಸಿಕುಡದ ಕೊಲ್ಲಿಯಲ್ಲಿ ತುಂಬ ದೂರದವರೆಗೆ ನೀರು ಮಕ್ಕಳ ಸೊಂಟದ ಮಟ್ಟಕ್ಕೇ ಇರುತ್ತದೆ. ಟ್ರಿಂಕೋಮಲಿಯಲ್ಲಿ ಬಂಡೆಯ ತುದಿಯ ಕೋಣೇಶ್ವರ ದೇವಸ್ಥಾನವಿದೆ, ಹಿರಿಯರಿಗೆ ಅದೇ ಸಾಕು. ದಸರಾ ರಜೆ ಮಾತ್ರ ಅಷ್ಟು ಒಳ್ಳೆಯ ಹೊತ್ತಲ್ಲ. ಅಕ್ಟೋಬರ್‌ನಲ್ಲಿ ಎರಡು ಮಳೆಗಾಲಗಳ ನಡುವಿನ ಗುಡುಗು ಮಳೆ ಎಲ್ಲ ಕಡೆಯೂ ಸುರಿಯುತ್ತದೆ.

ಏಪ್ರಿಲ್‌ನಲ್ಲಿ ಹೋಗುವವರು 13 ಮತ್ತು 14ನೇ ತಾರೀಖಿನ ಆಸುಪಾಸು ನೋಡಿಕೊಳ್ಳಿ. ಅದು ಸಿಂಹಳ ಮತ್ತು ತಮಿಳರ ಹೊಸ ವರ್ಷ. ಅಂಗಡಿ, ಹೋಟೆಲು ಬಾಗಿಲು ಹಾಕುತ್ತವೆ, ಚಾಲಕರು ಊರಿಗೆ ಹೋಗುತ್ತಾರೆ, ರೈಲು ತುಂಬಿ ತುಳುಕುತ್ತದೆ. ಅದೇ ತಿಂಗಳು ಅಲ್ಲಿಯ ಜನರೆಲ್ಲ ತಂಪು ಹುಡುಕಿಕೊಂಡು ನುವರ ಎಲಿಯಕ್ಕೆ ಹೋಗುತ್ತಾರೆ. ಕೋಣೆ ಸಿಗುವುದಿಲ್ಲ, ಸಿಕ್ಕರೂ ದರ ಏರಿರುತ್ತದೆ. ಆಗ ಬಂಡಾರವೆಲ ಅಥವಾ ಹಪುತಲೆಯಲ್ಲಿ ಉಳಿಯಿರಿ. ಚಹಾ ತೋಟ ಅದೇ, ಗದ್ದಲ ಕಡಿಮೆ.

ಹುಣ್ಣಿಮೆಯನ್ನೂ ಗುರುತು ಹಾಕಿಕೊಳ್ಳಿ. ಪ್ರತಿ ಹುಣ್ಣಿಮೆ ಅಲ್ಲಿ 'ಪೋಯ' ಎಂಬ ಸರ್ಕಾರಿ ರಜೆ. ಬೌದ್ಧ ಕ್ಷೇತ್ರಗಳಲ್ಲಿ ಆ ದಿನ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಮೇ ತಿಂಗಳ ಬುದ್ಧ ಪೂರ್ಣಿಮೆ, ಅಂದರೆ ವೆಸಾಕ್, ಸಿಕ್ಕರೆ ಬಿಡಬೇಡಿ. ಬೀದಿ ಬೀದಿಯಲ್ಲಿ ಕಾಗದದ ಗೂಡುದೀಪ. ರಸ್ತೆ ಬದಿಯಲ್ಲಿ 'ದನ್ಸಲ್' ಹಾಕಿ, ಬಂದವರಿಗೆಲ್ಲ ಊಟ, ಪಾನಕ, ಐಸ್‌ಕ್ರೀಮ್ ಪುಕ್ಕಟೆ ಹಂಚುತ್ತಾರೆ. ವಿದೇಶಿಯರು ಅಂತ ಹಿಂಜರಿಯಬೇಕಿಲ್ಲ. ಸಾಲಿನಲ್ಲಿ ನಿಂತರೆ ಆಯಿತು.

ಕಾಗದಪತ್ರ

ಇದು ಬೇಗ ಮುಗಿಯುವ ಕೆಲಸ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು, ಮಗುವಿನದ್ದೂ ಸೇರಿ. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಇಟಿಎ ಎಂಬ ಅನುಮತಿ ಪಡೆಯಿರಿ. ಸರ್ಕಾರಿ ತಾಣದಂತೆಯೇ ಕಾಣುವ ಏಜೆಂಟರ ತಾಣಗಳು ಜಾಸ್ತಿ ದುಡ್ಡು ಕೀಳುತ್ತವೆ, ಆದ್ದರಿಂದ ಶ್ರೀಲಂಕಾ ವಲಸೆ ಇಲಾಖೆಯ ತಾಣದಿಂದಲೇ ಅರ್ಜಿ ಹಾಕಿ. ಶುಲ್ಕದ ನಿಯಮ ಆಗಾಗ ಬದಲಾಗುತ್ತಿರುತ್ತದೆ. ಕಳೆದ ವರ್ಷ ಹೋಗಿ ಬಂದ ನೆಂಟರ ಮಾತು ನಂಬಿ ಕೂರಬೇಡಿ. ಹಿರಿಯರಿದ್ದರೆ ಪ್ರಯಾಣ ವಿಮೆ ಬೇಕೇ ಬೇಕು. ಬಿಪಿ, ಸಕ್ಕರೆ ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಇಡಿ.

ದಾರಿ ಗೀಚುವುದು

ಎಂಟು ರಾತ್ರಿ ಇದ್ದರೆ ನಾಲ್ಕು ಕಡೆ ಮಾತ್ರ ತಂಗಿ. ಸಿಗಿರಿಯದ ಹತ್ತಿರ ಎರಡು ರಾತ್ರಿ, ಕ್ಯಾಂಡಿಯಲ್ಲಿ ಎರಡು, ಚಹಾ ಬೆಟ್ಟದಲ್ಲಿ ಎರಡು, ಸಮುದ್ರದ ಬಳಿ ಎರಡು. ಪೂರ್ವದ ಸಮುದ್ರ ಆರಿಸಿಕೊಂಡರೆ ಸಿಗಿರಿಯ ಆದಮೇಲೆ ಅತ್ತ ಹೋಗಿ, ಕ್ಯಾಂಡಿ ಮತ್ತು ಬೆಟ್ಟ ಕೊನೆಗೆ ಇಟ್ಟುಕೊಳ್ಳಿ. ವಿಮಾನ ರಾತ್ರಿ ಇಳಿದರೆ ಕತ್ತಲಲ್ಲಿ ಮುಂದೆ ಹೋಗುವ ಸಾಹಸ ಬೇಡ. ವಿಮಾನ ನಿಲ್ದಾಣ ಇರುವುದು ಕಟುನಾಯಕದಲ್ಲಿ, ಕೊಲಂಬೊ ನಗರದಲ್ಲಿ ಅಲ್ಲ. ಪಕ್ಕದ ನೆಗೊಂಬೊದಲ್ಲಿ ಮಲಗಿ ಬೆಳಿಗ್ಗೆ ಹೊರಡಿ. ಕೊಲಂಬೊ ನೋಡಲು ಅರ್ಧ ದಿನ ಸಾಕು ಅನ್ನುವುದು ನನ್ನ ಅಭಿಪ್ರಾಯ. ಊರಿನ ಟ್ರಾಫಿಕ್ಕು ನೋಡಲು ಬೇರೆ ದೇಶಕ್ಕೆ ಹೋಗಬೇಕಾ?

ಓಡಾಟಕ್ಕೆ ಚಾಲಕನ ಸಮೇತ ವ್ಯಾನ್ ಮಾಡಿಕೊಳ್ಳುವುದೇ ಮನೆಮಂದಿಗೆ ಅನುಕೂಲ. ದಿನದ ಬಾಡಿಗೆ ಮಾತಾಡುವಾಗಲೇ ಮೂರು ವಿಷಯ ಕೇಳಿಬಿಡಿ: ದಿನಕ್ಕೆ ಎಷ್ಟು ಕಿಲೋಮೀಟರ್ ಸೇರಿದೆ, ಹೆದ್ದಾರಿ ಸುಂಕ ಯಾರದ್ದು, ಚಾಲಕನ ಊಟ ವಸತಿ ಯಾರದ್ದು. ಅನೇಕ ಹೋಟೆಲುಗಳಲ್ಲಿ ಚಾಲಕರಿಗೆ ಬೇರೆ ಕೋಣೆ ಇರುತ್ತದೆ, ಮೊದಲೇ ಹೇಳಬೇಕು ಅಷ್ಟೆ. ದಾರಿಯಲ್ಲಿ ಮಸಾಲೆ ತೋಟ, ರತ್ನದ ಅಂಗಡಿ ಅಂತ ನಿಲ್ಲಿಸುವುದು ಮಾಮೂಲು. ಚಾಲಕರಿಗೆ ಅಲ್ಲಿ ಕಮಿಷನ್ ಇರುತ್ತದೆ. "ಬೇಡಪ್ಪ, ಮುಂದೆ ಹೋಗೋಣ" ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾತಳೆಯ ತೋಟಗಳಲ್ಲಿ ಮೆಣಸಿನ ಬಳ್ಳಿ, ಏಲಕ್ಕಿ ಗಿಡ ತೋರಿಸಿ ಕೊನೆಗೆ ದುಬಾರಿ ಎಣ್ಣೆ ಮಾರುತ್ತಾರೆ. ಮಲೆನಾಡಿನವರು, ಕೊಡಗಿನವರು ಅದನ್ನು ನೋಡಲು ಸಮುದ್ರ ದಾಟಬೇಕಿಲ್ಲ.

ರೈಲು ಮಾತ್ರ ತಪ್ಪಿಸಬೇಡಿ. ಕ್ಯಾಂಡಿಯಿಂದ ಎಲ್ಲಾ ಎಂಬ ಊರಿಗೆ ಹೋಗುವ ರೈಲು ಎಲ್ಲರ ಬಾಯಲ್ಲೂ ಇದೆ. ಪೂರ್ತಿ ದಾರಿ ಆರೇಳು ಗಂಟೆ. ಮಕ್ಕಳು ಎರಡು ಗಂಟೆಯಲ್ಲಿ ಸುಸ್ತಾಗುತ್ತಾರೆ, ದೊಡ್ಡವರಿಗೆ ಬೆನ್ನು ಹಿಡಿಯುತ್ತದೆ. ನುವರ ಎಲಿಯದ ನಿಲ್ದಾಣವಾದ ನಾನು ಓಯದಲ್ಲಿ ಹತ್ತಿ ಎಲ್ಲಾದಲ್ಲಿ ಇಳಿಯಿರಿ. ಮೂರು ಗಂಟೆ ಹತ್ತಿರ ಆಗುತ್ತದೆ, ಚಹಾ ತೋಟದ ಚೆಲುವೆಲ್ಲ ಸಿಗುತ್ತದೆ. ಸಾಮಾನು ವ್ಯಾನಿನಲ್ಲೇ ಬಿಟ್ಟು, ಚಾಲಕನಿಗೆ ರಸ್ತೆಯಲ್ಲಿ ಬಂದು ಎಲ್ಲಾದಲ್ಲಿ ಕಾಯಲು ಹೇಳಿ. ಸೀಟು ಕಾಯ್ದಿರಿಸುವುದು ಮೂವತ್ತು ದಿನ ಮೊದಲು ಶುರುವಾಗುತ್ತದೆ, ಬೇಗ ಖಾಲಿಯೂ ಆಗುತ್ತದೆ. ಎಸಿ ಬೋಗಿಯ ಕಿಟಕಿ ತೆರೆಯುವುದಿಲ್ಲ, ಎರಡನೇ ದರ್ಜೆಯೇ ವಾಸಿ. ಜೋರು ಮಳೆಗೆ ಗುಡ್ಡ ಕುಸಿದರೆ ಈ ಮಾರ್ಗ ನಿಲ್ಲುತ್ತದೆ. ಹೊರಡುವ ಮೊದಲು ರೈಲು ಓಡುತ್ತಿದೆಯೇ ಅಂತ ವಿಚಾರಿಸಿ. ಬಾಗಿಲಲ್ಲಿ ನೇತಾಡಿ ಫೋಟೊ ತೆಗೆಸಿಕೊಳ್ಳುವ ಹುಚ್ಚಿಗೆ ಮನೆಯ ಕಾಲೇಜು ಹುಡುಗರನ್ನು ಮೊದಲೇ ಗದರಿಸಿಡಿ.

ಊಟ

ಸಸ್ಯಾಹಾರಿಗಳಿಗೆ ಶ್ರೀಲಂಕಾದಲ್ಲಿ ಊಟಕ್ಕೆ ಬರ ಇಲ್ಲ. ಆದರೆ ಅಲ್ಲಿ ತರಕಾರಿ ಪಲ್ಯಕ್ಕೂ ಮೀನು ಬೀಳಬಹುದು. ಒಣಗಿಸಿದ ಟ್ಯೂನಾ ಮೀನಿನ ಪುಡಿ, ಹೆಸರು ಉಂಬಲಕಡ. ತೆಂಗಿನಕಾಯಿ ಚಟ್ನಿಯಂಥ ಪೋಳ್ ಸಂಬೋಲ್‌ಗೆ, ಈರುಳ್ಳಿ ಖಾರದ ಲುಣು ಮಿರಿಸ್‌ಗೆ, ಕೆಲವೊಮ್ಮೆ ಬೇಳೆ ಸಾರಿಗೂ ಅದನ್ನು ಉದುರಿಸುತ್ತಾರೆ. ಅಡುಗೆಯವರ ಲೆಕ್ಕದಲ್ಲಿ ಅದು ಮೀನಲ್ಲ, ಒಗ್ಗರಣೆ. "ವೆಜಿಟೇರಿಯನ್" ಅಂದರೆ ತಲೆ ಆಡಿಸಿ ಅದನ್ನೇ ಬಡಿಸಿಬಿಡುತ್ತಾರೆ.

ಹೀಗೆ ಹೇಳಿ: "ಮಸ್, ಮಾಳು, ಬಿತ್ತರ ಎಪಾ." ಮಾಂಸ, ಮೀನು, ಮೊಟ್ಟೆ ಬೇಡ ಅಂತ. ಅದರ ಹಿಂದೆಯೇ "ಉಂಬಲಕಡ ಎಪಾ" ಸೇರಿಸಿ. ಇಷ್ಟು ಹೇಳಿದರೆ ಅಡುಗೆಮನೆಯಿಂದ ಒಬ್ಬರು ಹೊರಗೆ ಬಂದು ಯಾವುದು ತಿನ್ನಬಹುದು ಅಂತ ತೋರಿಸುತ್ತಾರೆ. ಪೂರ್ತಿ ಮಡಿ ಬೇಕು ಅನ್ನುವವರು 'ಶೈವ' ಅಂತ ಬೋರ್ಡ್ ಇರುವ ಹೋಟೆಲು ಹುಡುಕಿ. ಅವು ತಮಿಳರ ಸಸ್ಯಾಹಾರಿ ಹೋಟೆಲುಗಳು. ಕೊಲಂಬೊದ ವೆಳ್ಳವತ್ತೆಯಲ್ಲಿ ಬೇಕಾದಷ್ಟಿವೆ, ಕ್ಯಾಂಡಿ, ಮಾತಳೆಯಲ್ಲೂ ಸಿಗುತ್ತವೆ. ಇಡ್ಲಿ, ವಡೆ, ದೋಸೆ ಎಲ್ಲ ಇರುತ್ತದೆ. ಆದರೆ ಮೂರು ಹೊತ್ತೂ ಅಲ್ಲೇ ಕೂತರೆ ಹೋದದ್ದೇ ದಂಡ.

ಅಲ್ಲಿಯ ಮುಖ್ಯ ಊಟ 'ರೈಸ್ ಆಂಡ್ ಕರಿ'. ಅನ್ನದ ಸುತ್ತ ನಾಲ್ಕೈದು ಬಗೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಬೇಳೆ 'ಪರಿಪ್ಪು', ಎಳೆ ಹಲಸಿನಕಾಯಿಯ 'ಪೊಲೊಸ್', ಹುಳಿ ಸಿಹಿಯ ಬದನೆಕಾಯಿ 'ವಂಬಟು ಮೋಜು'. ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಸಿ ತೆಂಗಿನ ತುರಿ ಬೆರೆಸಿದ್ದು 'ಮಲ್ಲುಂ'. ಗೊಟುಕೊಳದ ಮಲ್ಲುಂ ಅಂತ ಬಂದರೆ ಅನುಮಾನ ಬೇಡ, ಅದು ನಾವು ತಂಬುಳಿ ಮಾಡುವ ಒಂದೆಲಗವೇ. ಪೊಲೊಸ್ ಬಗ್ಗೆ ಹೇಳಲೇಬೇಕು. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದು, ಕಪ್ಪಗೆ ಮಸಾಲೆ ಹಿಡಿದ ಹಲಸು. ದೇಶದಲ್ಲಿ ಒಂದೇ ಒಂದು ಪದಾರ್ಥ ತಿನ್ನಬಹುದು ಅಂದರೆ ನಾನು ಅದನ್ನೇ ಕೇಳುತ್ತೇನೆ.

ಹೊತ್ತಿನ ಲೆಕ್ಕ ತಿಳಿದಿರಲಿ. ರೈಸ್ ಆಂಡ್ ಕರಿ ಮಧ್ಯಾಹ್ನದ ಊಟ. ಸಣ್ಣ ಹೋಟೆಲಿನಲ್ಲಿ ಎರಡು ಗಂಟೆ ದಾಟಿದರೆ ಒಳ್ಳೆಯದೆಲ್ಲ ಖಾಲಿ. ಆಪ್ಪ ಸಿಗುವುದು ಹೆಚ್ಚಾಗಿ ಸಂಜೆ ಮೇಲೆ. ಬಟ್ಟಲಿನಂತಿರುವ ಗರಿಗರಿ ದೋಸೆ ಅದು. 'ಬಿತ್ತರ ಆಪ್ಪ' ಅಂದರೆ ನಡುವೆ ಮೊಟ್ಟೆ ಒಡೆದದ್ದು. 'ಇಂಡಿ ಆಪ್ಪ' ನಮ್ಮ ಒತ್ತು ಶಾವಿಗೆ, ಬೆಳಿಗ್ಗೆಯೂ ಸಿಗುತ್ತದೆ, ರಾತ್ರಿಯೂ ಸಿಗುತ್ತದೆ. ಕಾವಲಿಯ ಮೇಲೆ ಟಕಟಕ ಸದ್ದು ಮಾಡುತ್ತ ರೊಟ್ಟಿ ಕೊಚ್ಚುವ 'ಕೊತ್ತು' ರಾತ್ರಿಯದ್ದು. ತರಕಾರಿ ಕೊತ್ತು ಅಂದರೂ ಮೊಟ್ಟೆ ಹಾಕುವ ರೂಢಿ ಇದೆ, ಬೇಡ ಅಂತ ಹೇಳಿ.

ಬೇಕರಿಯ ತಿಂಡಿಗಳಲ್ಲಿ ಇನ್ನೊಂದು ಗೊಂದಲ. ತ್ರಿಕೋನದ ರೊಟ್ಟಿ, ಬನ್ನು, ಕಟ್ಲೆಟ್ ಎಲ್ಲ ಒಂದೇ ತಟ್ಟೆಯಲ್ಲಿ ಬರುತ್ತವೆ. ಮುಟ್ಟಿದ್ದಕ್ಕೆ ಮಾತ್ರ ದುಡ್ಡು. ಹೊರಗಿನಿಂದ ನೋಡಿದರೆ ಮೀನಿನದ್ದೂ ತರಕಾರಿಯದ್ದೂ ಒಂದೇ ಥರ. "ಎಳವಳು ಯಾವುದು" ಅಂತ ಕೇಳಿ, ಅಂದರೆ ತರಕಾರಿ. ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ವಡೆ ಕಂಡು ಅಜ್ಜಿ ಖುಷಿಯಿಂದ ಕೈ ಹಾಕುವ ಮೊದಲು ನೋಡಿ, 'ಇಸ್ಸೊ ವಡೆ'ಯ ಮೇಲೆ ಸೀಗಡಿ ಕೂತಿರುತ್ತದೆ.

ಮೀನು ತಿನ್ನುವವರಿಗೆ ಇಷ್ಟೆಲ್ಲ ತಲೆನೋವಿಲ್ಲ. ಪುನರ್ಪುಳಿಯ ಜಾತಿಯ 'ಗೊರಕ' ಹುಳಿ ಹಾಕಿ ಒಣಗಿಸಿದ 'ಅಂಬುಲ್ ತಿಯಲ್' ಕೇಳಿ. ನಮ್ಮ ಕರಾವಳಿಯವರಿಗೆ ಹಿಡಿಸದೇ ಇರುವುದಿಲ್ಲ.

ಖಾರ ಜಾಸ್ತಿ. ಮಕ್ಕಳಿಗೆ ಇಂಡಿ ಆಪ್ಪ, ತೆಂಗಿನ ಹಾಲಿನಲ್ಲಿ ಬೆಂದ ಅನ್ನ 'ಕಿರಿಬತ್', ಬಾಳೆಹಣ್ಣು. ಊಟದ ಕೊನೆಗೆ ಎಮ್ಮೆ ಮೊಸರಿನ ಮೇಲೆ 'ಕಿತುಲ್' ಪಾಕ ಸುರಿದು ಕೊಡಿ. ಅದು ನಮ್ಮ ಬೈನೆ ಮರದ ನೀರಾದಿಂದ ಇಳಿಸಿದ ಬೆಲ್ಲದ ಪಾಕ, ಮಣ್ಣಿನ ಕುಡಿಕೆಯ ಮೊಸರು ರಸ್ತೆ ಬದಿಯಲ್ಲೂ ಮಾರುತ್ತಾರೆ. 'ವಟಲಪ್ಪನ್' ಎಂಬ ಸಿಹಿ ನೋಡಲು ಹಾಲುಬಾಯಿಯಂತೆ ಇದ್ದರೂ ಅದರಲ್ಲಿ ಮೊಟ್ಟೆ ಇದೆ. ಕುಡಿಯಲು ಬಾಟಲಿ ನೀರು ಅಥವಾ ಕಿತ್ತಳೆ ಬಣ್ಣದ 'ತಂಬಿಲಿ' ಎಳನೀರು.

ನೋಡುವುದು, ಹತ್ತುವುದು

ಸಿಗಿರಿಯ ಬಂಡೆಗೆ ಸುಮಾರು 1200 ಮೆಟ್ಟಿಲು. ಐದನೇ ಶತಮಾನದಲ್ಲಿ ಕಶ್ಯಪ ರಾಜ ಮೇಲೆ ಅರಮನೆ ಕಟ್ಟಿದ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಒಂಬತ್ತರ ಮೇಲೆ ಬಿಸಿಲು ಸುಡುತ್ತದೆ. ಮಂಡಿ ನೋವಿನವರನ್ನು ಒತ್ತಾಯ ಮಾಡಬೇಡಿ. ಕೆಳಗಿನ ಕೊಳಗಳ ತೋಟ ಮತ್ತು ಮ್ಯೂಸಿಯಂ ನೋಡುತ್ತ ಅವರು ಆರಾಮಾಗಿ ಕಾಲ ಕಳೆಯುತ್ತಾರೆ. ಭಿತ್ತಿಚಿತ್ರಗಳ ಬಳಿ ಫೋಟೊ ತೆಗೆಯುವಂತಿಲ್ಲ. ಕಣಜದ ಗೂಡುಗಳಿರುವ ಕಡೆ ಸದ್ದು ಮಾಡಬೇಡಿ ಎಂದು ಫಲಕ ಹಾಕಿದ್ದಾರೆ, ಅದು ತಮಾಷೆಗಲ್ಲ. ಟಿಕೆಟ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ. ಸಿಗಿರಿಯ, ಪೊಲೊನ್ನರುವದಂಥ ಕಡೆ ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ದರ ಕಡಿಮೆ. ಕೇಳದಿದ್ದರೆ ಪೂರ್ತಿ ವಿದೇಶಿ ದರ ಬೀಳಬಹುದು.

ಪೊಲೊನ್ನರುವದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಗಲ್ ವಿಹಾರದ ಬುದ್ಧ ಮೂರ್ತಿಗಳಿವೆ, ಚೋಳರ ಕಾಲದ ಶಿವನ ಗುಡಿಯೂ ಇದೆ. ಆನೆ ನೋಡಲು ಹತ್ತಿರದ ಮಿನ್ನೇರಿಯ ಕಾಡಿಗೆ ಮಧ್ಯಾಹ್ನದ ಮೇಲೆ ಜೀಪಿನಲ್ಲಿ ಹೋಗಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೆರೆಯ ಅಂಚಿನಲ್ಲಿ ದೊಡ್ಡ ಹಿಂಡುಗಳೇ ಸೇರುತ್ತವೆ. ಆನೆ ಸವಾರಿ ಮಾಡಿಸುವ ಜಾಗಗಳಿಗೆ ಮಕ್ಕಳನ್ನು ಕರೆದೊಯ್ಯದಿದ್ದರೆ ಒಳ್ಳೆಯದು.

ದಂಬುಲ್ಲದ ಗುಹೆಗಳಿಗೆ, ಬುದ್ಧನ ಹಲ್ಲು ಇಟ್ಟಿರುವ ಕ್ಯಾಂಡಿಯ ದಂತ ಮಂದಿರಕ್ಕೆ ಹೋಗುವಾಗ ಭುಜ, ಮಂಡಿ ಮುಚ್ಚುವ ಬಟ್ಟೆ. ಚಪ್ಪಲಿ, ಟೋಪಿ ಹೊರಗೆ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲು ಸುಡುತ್ತದೆ, ಸಾಕ್ಸ್ ಹಾಕಿಕೊಳ್ಳಬಹುದು. ಬುದ್ಧನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವುದನ್ನು ಅಲ್ಲಿ ಅವಮಾನ ಎಂದೇ ನೋಡುತ್ತಾರೆ. ದಂತ ಮಂದಿರದಲ್ಲಿ ಸಂಜೆ ಪೂಜೆಗೆ ಡೋಲು ಬಾರಿಸುತ್ತಾರೆ, ಅದನ್ನು ಕೇಳಬೇಕು. ಕಾಣುವುದು ಚಿನ್ನದ ಕರಂಡ ಮಾತ್ರ, ದಂತ ಅಲ್ಲ. ಅದನ್ನು ಹಿರಿಯರಿಗೆ ಮೊದಲೇ ಹೇಳಿಬಿಡಿ.

ದುಡ್ಡು, ಮತ್ತು ಕೊನೆಯ ದಿನದ ಖರೀದಿ

ನಮ್ಮ ಒಂದು ರೂಪಾಯಿಗೆ ಅವರ ಮೂರಕ್ಕಿಂತ ಸ್ವಲ್ಪ ಹೆಚ್ಚು ರೂಪಾಯಿ. ಬೆಲೆ ಕೇಳಿ ಗಾಬರಿ ಬೀಳುವ ಮೊದಲು ಭಾಗಿಸಿ. 2024ರಿಂದ ಯುಪಿಐ ಕೂಡ ಅಲ್ಲಿ ಇದೆ. ಆದರೆ ಎಳನೀರಿನವರಿಗೆ, ಆಟೊದವರಿಗೆ ನಗದು ಬೇಕು. ದೊಡ್ಡ ಹೋಟೆಲಿನ ಮೆನು ದರದ ಮೇಲೆ ಸೇವಾ ಶುಲ್ಕ ಮತ್ತು ತೆರಿಗೆ ಸೇರುತ್ತದೆ, ಬಿಲ್ಲು ಕಾಲುಭಾಗಕ್ಕಿಂತ ಜಾಸ್ತಿ ಉಬ್ಬಬಹುದು.

ತರುವುದಕ್ಕೆ ಚಹಾ ಮತ್ತು ದಾಲ್ಚಿನ್ನಿ. ಎರಡನ್ನೂ ಪ್ರವಾಸಿಗರ ಅಂಗಡಿ ಬಿಟ್ಟು ಅಲ್ಲಿಯ ಜನ ದಿನಸಿ ಕೊಳ್ಳುವ ಸೂಪರ್ ಮಾರ್ಕೆಟ್‌ನಲ್ಲಿ ತೆಗೆದುಕೊಳ್ಳಿ. ಅಸಲಿ ದಾಲ್ಚಿನ್ನಿ ಕಾಗದದಷ್ಟು ತೆಳು ಪದರಗಳನ್ನು ಸುತ್ತಿದ ಹಾಗಿರುತ್ತದೆ, ಕೈಯಲ್ಲೇ ಪುಡಿಯಾಗುತ್ತದೆ. ದಪ್ಪ ತೊಗಟೆಯದ್ದು ಇಲ್ಲೇ ಸಿಗುತ್ತದೆ. ಹಾಲು ಹಾಕಿ ಕುದಿಸುವ ಮನೆಯವರು ದುಬಾರಿ ಉದ್ದ ಎಲೆಯ ಚಹಾ ತರಬೇಡಿ, ಹಾಲಿನಲ್ಲಿ ಅದರ ರುಚಿ ಸತ್ತೇಹೋಗುತ್ತದೆ. ಸಣ್ಣ ಚೂರಿನ ಬಿಓಪಿಎಫ್ ಅಂತ ಬರೆದ ಪೊಟ್ಟಣವೇ ಸಾಕು, ಬೆಲೆಯೂ ಕಡಿಮೆ.