ಕಬಡ್ಡಿ ತಂಡದ ಬೆಂಚ್: ಕೊನೆಯ ಐದು ಹೆಸರು ಬರೆಯುವ ಮುನ್ನ

ಪಟ್ಟಿಯಲ್ಲಿ ಮೊದಲ ಏಳು ಹೆಸರು ಬರೆಯಲು ಯಾರಿಗೂ ಹೊತ್ತು ಹಿಡಿಯುವುದಿಲ್ಲ, ಅವು ಇಡೀ ಊರಿಗೇ ಗೊತ್ತಿರುತ್ತವೆ. ತೊಡಕು ಇರುವುದು ಉಳಿದ ಐದರಲ್ಲಿ. ಅಥಣಿ, ಜಮಖಂಡಿ, ಇಂಡಿ ಕಡೆ ಜಾತ್ರೆಗೆ ಬಹುಮಾನದ ಟೂರ್ನಿ ಇಟ್ಟಾಗ ಬಹಳ ತಂಡಗಳು ಈ ಐದು ಹೆಸರನ್ನು ಗಾಡಿ ಹತ್ತುವ ಹೊತ್ತಿಗೆ ತುಂಬುತ್ತವೆ: ಗಾಡಿ ಕೊಟ್ಟವರ ತಮ್ಮ, ಹೋದ ವರ್ಷ ಆಡಿದವ, ಇವತ್ತು ಖಾಲಿ ಇದ್ದವ. ಲೀಗ್ ಪಂದ್ಯದಲ್ಲಿ ಇದು ನಡೆದುಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ನಾಲ್ಕನೆಯ ಪಂದ್ಯ ಆಡುವಾಗ ಮುಖ್ಯ ರೈಡರ್‌ನ (ಎದುರಾಳಿ ಅಂಕಣಕ್ಕೆ ದಾಳಿ ಹೋಗುವವನ) ಮೀನಖಂಡ ಹಿಡಿದುಕೊಂಡರೆ ನಡೆಯುವುದಿಲ್ಲ.

ಎಂಟನೆಯ ಹೆಸರಿಗೆ ತಂಡದ ಎಂಟನೆಯ ಒಳ್ಳೆಯ ಆಟಗಾರನನ್ನೇ ಬರೆಯಬೇಕೆಂದಿಲ್ಲ. ಯಾವ ಜಾಗ ಖಾಲಿಯಾದರೆ ತಂಡ ಕುಸಿಯುತ್ತದೋ ಆ ಜಾಗಕ್ಕೆ ನಿಲ್ಲುವವನನ್ನು ಬರೆಯಬೇಕು. ನಾಲ್ಕು ಒಳ್ಳೆಯ ರೈಡರ್‌ಗಳು ಬೆಂಚಿನಲ್ಲಿ ಕುಳಿತಿದ್ದು, ಲೆಫ್ಟ್ ಕಾರ್ನರ್ (ಎಡ ಅಂಚಿನಲ್ಲಿ ನಿಂತು ರೈಡರ್‌ನನ್ನು ಹಿಡಿಯುವವನು) ಕುಂಟುತ್ತ ಹೊರಬಂದಾಗ ಆ ಜಾಗಕ್ಕೆ ಒಬ್ಬನೂ ಸಿಗದಿದ್ದರೆ, ಆ ನಾಲ್ವರಿಂದ ಬಂದ ಲಾಭವೇನು?

ಆಯ್ಕೆಗೆ ಮೊದಲು ಬದಲಾವಣೆಯ ನಿಯಮ ಬಾಯಿಪಾಠ ಇರಲಿ. ಪಟ್ಟಿಯಲ್ಲಿ ಕನಿಷ್ಠ 10, ಗರಿಷ್ಠ 12 ಜನ. ಅಂಕಣದಲ್ಲಿ 7, ಹೊರಗೆ 5. ಬದಲಾವಣೆ ಟೈಮ್‌ಔಟ್‌ನಲ್ಲಿ ಅಥವಾ ವಿರಾಮದಲ್ಲಿ, ರೆಫರಿಯ ಒಪ್ಪಿಗೆಯಿಂದ. ಪ್ರತಿ ಅರ್ಧಕ್ಕೆ ತಂಡಕ್ಕೆ ಸಿಗುವುದು ತಲಾ 30 ಸೆಕೆಂಡಿನ ಎರಡು ಟೈಮ್‌ಔಟ್. ಹೊರಗೆ ತೆಗೆದವನನ್ನು ಮತ್ತೆ ಒಳಗೆ ಕಳಿಸಬಹುದು. ಇಷ್ಟು ಎಲ್ಲರಿಗೂ ಗೊತ್ತು. ಮರೆತುಹೋಗುವುದು ಇನ್ನೆರಡು: ಔಟಾಗಿ ಕುಳಿತವನ ಬದಲಿಗೆ ಯಾರನ್ನೂ ಕಳಿಸುವಂತಿಲ್ಲ, ಹಳದಿ ಅಥವಾ ಕೆಂಪು ಕಾರ್ಡ್ ತಿಂದವನ ಬದಲಿಗೂ ಕಳಿಸುವಂತಿಲ್ಲ. ಹಳದಿಗೆ ಎರಡು ನಿಮಿಷ, ಕೆಂಪಿಗೆ ಪಂದ್ಯ ಮುಗಿಯುವವರೆಗೆ ಒಬ್ಬ ಕಡಿಮೆ. ಸ್ಥಳೀಯ ಟೂರ್ನಿಗಳಲ್ಲಿ ಸಂಘಟಕರು ಒಂದೆರಡು ನಿಯಮ ಸಡಿಲಿಸುವುದುಂಟು, ಆದ್ದರಿಂದ ಮ್ಯಾನೇಜರ್‌ಗಳ ಸಭೆಯಲ್ಲಿ ಬದಲಾವಣೆಯ ಬಗ್ಗೆಯೇ ನೇರವಾಗಿ ಕೇಳಿ.

ಔಟಾದವನನ್ನು ಬದಲಿಸುವಂತಿಲ್ಲ ಎಂಬ ಈ ಒಂದು ನಿಯಮವೇ ಆಲ್‌ರೌಂಡರ್‌ನ ಬೆಲೆಯನ್ನು ನಿರ್ಧರಿಸುತ್ತದೆ. ಒಂದು ಸನ್ನಿವೇಶ ನೋಡಿ. ದ್ವಿತೀಯಾರ್ಧದ ಎಂಟನೆಯ ನಿಮಿಷ, ನೀವು ಒಂದು ಪಾಯಿಂಟ್ ಹಿಂದೆ. ಮುಖ್ಯ ರೈಡರ್ ಔಟಾಗಿ ಹೊರಗಿದ್ದಾನೆ, ಸೆಂಟರ್‌ನವನೂ ಔಟ್. ಒಳಗೆ ಐವರು: ಎರಡು ಕಾರ್ನರ್, ಎರಡು ಕವರ್ (ಕಾರ್ನರ್ ಮತ್ತು ಸೆಂಟರ್ ನಡುವೆ ನಿಂತು ಅಡ್ಡಗಟ್ಟುವವರು), ಒಬ್ಬ ದಣಿದ ಎರಡನೆಯ ರೈಡರ್. ಸತತ ಎರಡು ರೈಡ್ ಖಾಲಿ ಹೋಗಿವೆ, ಮುಂದಿನದು ಡು ಆರ್ ಡೈ: ಪಾಯಿಂಟ್ ತರದೆ ಬಂದರೆ ರೈಡರ್ ಔಟ್. ಬೆಂಚಿನಲ್ಲಿ ತಾಜಾ ರೈಡರ್ ಇದ್ದಾನೆ. ಅವನನ್ನು ಔಟಾದ ರೈಡರ್‌ನ ಜಾಗಕ್ಕೆ ಕಳಿಸಲಾಗದು. ದಣಿದ ಎರಡನೆಯವನನ್ನು ತೆಗೆದರೆ ಮುಂದಿನ ರೈಡಿಗೆ ಅವನೂ ಇಲ್ಲ. ಹಾಗಾಗಿ ಕವರ್‌ನಿಂದ ಒಬ್ಬನನ್ನು ತೆಗೆದು ಇವನನ್ನು ಕಳಿಸುತ್ತೀರಿ. ಅವನು ಪಾಯಿಂಟ್ ತಂದನೆಂದೇ ಇಟ್ಟುಕೊಳ್ಳಿ. ಮರುಕ್ಷಣ ಎದುರಾಳಿ ರೈಡರ್ ಬರುತ್ತಾನೆ, ಕವರ್‌ನಲ್ಲಿ ನಿಂತ ನಿಮ್ಮ ರೈಡರ್‌ಗೆ ಬ್ಲಾಕ್ ಹಾಕಲು ಬರುವುದಿಲ್ಲ. ಎದುರಾಳಿ ಕೋಚ್‌ಗೆ ಅದು ಒಂದೇ ರೈಡಿನಲ್ಲಿ ತಿಳಿಯುತ್ತದೆ, ಮುಂದಿನ ಮೂರೂ ರೈಡ್ ಅದೇ ಜಾಗಕ್ಕೆ ಬರುತ್ತವೆ.

ಅದೇ ಜಾಗಕ್ಕೆ ಕವರ್ ಆಡಬಲ್ಲ, ರೈಡಿಗೂ ಹೋಗಬಲ್ಲ ಹುಡುಗನನ್ನು ಕಳಿಸಿದ್ದರೆ ಡು ಆರ್ ಡೈ ಅವನದು, ಮುಗಿಸಿ ಬಂದು ಕವರ್‌ನಲ್ಲಿ ನಿಲ್ಲುವವನೂ ಅವನೇ. ಟಚ್ ಸಿಕ್ಕರೆ ಮೊದಲು ಔಟಾದವನು ಒಳಗೆ ಬರುತ್ತಾನೆ. ಒಂದೇ ಟೈಮ್‌ಔಟ್‌ನಲ್ಲಿ ಎರಡು ಕೆಲಸವಾಯಿತು.

ವೃತ್ತಿಪರ ಆಟದಲ್ಲೂ ಇದೇ ಲೆಕ್ಕ. ಪ್ರೊ ಕಬಡ್ಡಿಯ ಹತ್ತನೆಯ ಆವೃತ್ತಿಯನ್ನು (2023-24) ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ತರಬೇತಿಯಲ್ಲಿ ಪುಣೇರಿ ಪಲ್ಟನ್ ಗೆದ್ದಾಗ, ಇರಾನಿನ ಮೊಹಮ್ಮದ್‌ರೆಜಾ ಶಾದ್ಲು ಲೆಫ್ಟ್ ಕಾರ್ನರ್‌ನಲ್ಲಿ ಹಿಡಿಯುತ್ತಲೇ ಬೇಕಾದಾಗ ರೈಡಿಗೂ ಹೋಗುತ್ತಿದ್ದರು. ಕಾರ್ನರ್‌ನವನು ರೈಡಿಗೆ ಎದ್ದರೆ ಎದುರು ತಂಡ ತನ್ನ ನಿಲುವನ್ನೇ ಬದಲಿಸಬೇಕಾಗುತ್ತದೆ. ಆ ಪಂದ್ಯಗಳ ವಿಡಿಯೊ ಹಾಕಿ ಹುಡುಗರಿಗೆ ತೋರಿಸಿ. ಶಾದ್ಲು ರೈಡ್ ಮುಗಿಸಿ ಹಿಂದಿರುಗಿ ಕಾರ್ನರ್‌ನಲ್ಲಿ ನಿಲ್ಲುವುದು ಎಷ್ಟು ಬೇಗ ಎಂಬುದನ್ನು ಮುಖ್ಯವಾಗಿ ನೋಡಲಿ.

ಐದು ಜಾಗಗಳನ್ನು ಹೀಗೆ ಹಂಚಿ: ಎರಡೂ ಕವರ್ ಮತ್ತು ರೈಡ್ ಬಲ್ಲ ಆಲ್‌ರೌಂಡರ್ ಒಬ್ಬ, ಕಾರ್ನರ್‌ಗೆ ಒಬ್ಬ, ಡು ಆರ್ ಡೈಗೆಂದೇ ಒಬ್ಬ ರೈಡರ್, ಬೋನಸ್ (ಯಾರನ್ನೂ ಮುಟ್ಟದೆ ಬೋನಸ್ ಗೆರೆ ದಾಟಿ ತರುವ ಪಾಯಿಂಟ್) ಬಲ್ಲ ಇನ್ನೊಬ್ಬ ರೈಡರ್. ಐದನೆಯದು ಮುಂದಿನ ವರ್ಷಕ್ಕೆಂದು ಬೆಳೆಸುತ್ತಿರುವ ಹುಡುಗನಿಗೆ.

ಇವುಗಳಲ್ಲಿ ಕಾರ್ನರ್‌ನ ಆಯ್ಕೆಯೇ ಕಷ್ಟ. ರೈಟ್ ಕಾರ್ನರ್‌ನಲ್ಲಿ ನಿಂತವನಿಗೆ ಲಾಬಿಯ (ಅಂಕಣದ ಅಂಚಿನ ಪಟ್ಟಿಯ) ಗೆರೆ ಬಲಕ್ಕೆ, ಚೈನ್‌ಗೆ ಪಕ್ಕದವನ ಕೈ ಹಿಡಿಯುವ ಕೈ ಎಡ. ಅವನನ್ನು ಲೆಫ್ಟ್‌ಗೆ ತಂದರೆ ಎಲ್ಲವೂ ತಿರುವುಮುರುವು: ಮುಂದಿಡುವ ಕಾಲು, ಬಗ್ಗುವ ಭುಜ, ರೈಡರ್‌ನ ಆಂಕಲ್‌ಗೆ (ಕಣಕಾಲಿಗೆ) ಹೋಗುವ ಕೈ. ಅಭ್ಯಾಸದಲ್ಲಿ ‘ಎರಡೂ ಕಡೆ ಆಡ್ತೀನ್ರಿ’ ಎನ್ನುವ ಹತ್ತು ಜನರಲ್ಲಿ ನಿಜವಾಗಿ ಆಡುವವರು ಒಬ್ಬಿಬ್ಬರು. ಪರೀಕ್ಷಿಸುವುದು ಸುಲಭ. ಅವನ ದುರ್ಬಲ ಬದಿಯಲ್ಲಿ ನಿಲ್ಲಿಸಿ, ಎದುರಿಗೆ ತಂಡದ ಒಳ್ಳೆಯ ರೈಡರ್‌ನಿಂದ ಹತ್ತು ರೈಡ್ ಮಾಡಿಸಿ. ಎಷ್ಟು ಹಿಡಿದ ಎಂದು ಎಣಿಸುವ ಬದಲು ಎಷ್ಟು ಸಲ ಮೊದಲೇ ನುಗ್ಗಿದ ಎಂದು ಬರೆದುಕೊಳ್ಳಿ. ಅಪರಿಚಿತ ಬದಿಯಲ್ಲಿ ನಿಂತವನು ಗಾಬರಿಯಿಂದ ರೈಡರ್ ತಿರುಗುವ ಮುನ್ನವೇ ಕಾಲಿಗೆ ಹೋಗುತ್ತಾನೆ. ಪಕ್ಕದ ‘ಇನ್’ ಜಾಗದವನ ಕೈ ಅವನ ಕೈಯಲ್ಲೇ ಇದ್ದರೆ ಇಬ್ಬರೂ ಸಿಕ್ಕಿಬೀಳುತ್ತಾರೆ, ಎದುರಾಳಿಗೆ ಎರಡು ಪಾಯಿಂಟ್. ಹತ್ತರಲ್ಲಿ ಮೂರು ಸಲಕ್ಕಿಂತ ಹೆಚ್ಚು ಮೊದಲೇ ನುಗ್ಗಿದರೆ ಅವನನ್ನು ಒಂದೇ ಬದಿಯ ಆಟಗಾರನೆಂದು ಲೆಕ್ಕ ಹಿಡಿಯಿರಿ. ಎರಡೂ ಬದಿಯವನು ಸಿಗದಿದ್ದರೆ, ನಿಮ್ಮ ಮೊದಲ ಏಳರಲ್ಲಿ ಯಾವ ಕಾರ್ನರ್‌ಗೆ ಹಳೆಯ ನೋವಿದೆಯೋ ಆ ಬದಿಯವನನ್ನು ಆರಿಸಿ.

ಬೋನಸ್ ರೈಡರ್ ಬೇರೆ, ಡು ಆರ್ ಡೈ ರೈಡರ್ ಬೇರೆ. ಎದುರಾಳಿಗಳು ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ, ಅದರಿಂದ ಔಟಾದವರು ಯಾರೂ ಒಳಗೆ ಬರುವುದಿಲ್ಲ. ಉದ್ದ ಕಾಲಿನ, ಹಿಂದಿನ ಕಾಲನ್ನು ಎತ್ತಿಟ್ಟೇ ಬೋನಸ್ ಗೆರೆ ದಾಟುವ ಹುಡುಗ ಪಂದ್ಯದ ಆರಂಭದಲ್ಲಿ ಮತ್ತು ನೀವು ಮುಂದಿದ್ದಾಗ ಉಪಯೋಗ. ಅವನನ್ನು ಐದು ಜನರ ಮುಂದೆ ಡು ಆರ್ ಡೈಗೆ ಕಳಿಸಿದರೆ ಕೈಕಟ್ಟಿ ಕಳಿಸಿದ ಹಾಗೆ. ಆ ಕೆಲಸಕ್ಕೆ ಬೇಕಾದವನು ಗಟ್ಟಿ ಸೊಂಟದವನು, ಹಿಡಿತ ಬಿದ್ದ ಮೇಲೂ ಮಧ್ಯರೇಖೆಯ ಕಡೆಗೆ ಎರಡು ಹೆಜ್ಜೆ ಎಳೆದುಕೊಂಡು ಹೋಗುವವನು. ಇನ್ನೊಂದು ಅಪಾಯ: ಎದುರಾಳಿಗಳು ಮೂವರು ಅಥವಾ ಇನ್ನೂ ಕಡಿಮೆ ಇದ್ದಾಗ ಸಿಕ್ಕಿಬಿದ್ದರೆ ಅದು ಸೂಪರ್ ಟ್ಯಾಕಲ್, ಅವರಿಗೆ ಎರಡು ಪಾಯಿಂಟ್. ಆ ಹೊತ್ತಿಗೆ ತಣ್ಣಗೆ ಹೋಗಿ ತಣ್ಣಗೆ ಬರುವವನು ಬೇಕು. ಚಪ್ಪಾಳೆಗೆ ಒಳಗೆ ನುಗ್ಗುವವನನ್ನು ಕಳಿಸಬೇಡಿ.

ಗರಡಿಯ ಹುಡುಗರ ಬಗ್ಗೆ ಒಂದು ಮಾತು. ಬೆಳಗಾವಿ, ಬಾಗಲಕೋಟೆ ಭಾಗದಲ್ಲಿ ಕುಸ್ತಿ ಮಾಡಿ ಬಂದವರನ್ನು ಬೆಂಚಿಗೆ ತೆಗೆದುಕೊಳ್ಳುವ ರೂಢಿ ಇದೆ, ಒಳ್ಳೆಯದೇ. ಸೊಂಟದ ಹಿಡಿತ, ಥೈ ಹೋಲ್ಡ್ (ತೊಡೆಯ ಹಿಡಿತ) ಅವರಿಗೆ ಬೇಗ ಒಲಿಯುತ್ತವೆ. ಆದರೆ ಕುಸ್ತಿಯಲ್ಲಿ ಎದುರಾಳಿಯನ್ನು ಬೆನ್ನಿನ ಮೇಲೆ ಕೆಡವುವುದೇ ಗುರಿ, ಅಖಾಡದ ಯಾವ ದಿಕ್ಕಿಗೆ ಬಿದ್ದ ಎಂಬುದು ಮುಖ್ಯವಲ್ಲ. ಕಬಡ್ಡಿಯಲ್ಲಿ ರೈಡರ್ ಮುಂದಕ್ಕೆ ಬಿದ್ದು ಕೈಚಾಚಿ ಗೆರೆ ಮುಟ್ಟಿದರೆ ಹಿಡಿದವರೆಲ್ಲ ಔಟ್. ಅದಕ್ಕೇ ಇವರಿಗೆ ಮೊದಲ ಎರಡು ವಾರ ಒಂದೇ ಪಾಠ ಸಾಕು: ಹಿಡಿದೊಡನೆ ನಿಮ್ಮ ದೇಹ ರೈಡರ್ ಮತ್ತು ಮಧ್ಯರೇಖೆಯ ನಡುವೆ ಇರಲಿ. ಇವರನ್ನು ಕವರ್‌ಗೆ ತೆಗೆದುಕೊಳ್ಳಿ. ಒಂಟಿಯಾಗಿ ಕಾಯುವ ತಾಳ್ಮೆ ಕಾರ್ನರ್‌ಗೆ ಬೇಕು, ಅದು ಬರಲು ಹೆಚ್ಚು ಕಾಲ ಹಿಡಿಯುತ್ತದೆ.

ಟ್ರಯಲ್ಸ್ ಮಾಡುವಾಗ ಬಹುತೇಕರು ಎಲ್ಲರನ್ನೂ ಬೆವರು ಇಳಿಯುವಂತೆ ಓಡಿಸಿ, ಮೈ ಕಾದ ಮೇಲೆ ಆಡಿಸಿ ನೋಡುತ್ತಾರೆ. ಮೊದಲ ಏಳಕ್ಕೆ ಅದು ಸರಿ. ಬೆಂಚಿನವನು ಒಳಗೆ ಹೋಗುವುದು ಮೈ ತಣ್ಣಗಾದ ಮೇಲೆ, ಆದ್ದರಿಂದ ಪರೀಕ್ಷೆಯೂ ಹಾಗೇ ಇರಬೇಕು. ವಾರ್ಮ್‌ಅಪ್ ಮಾಡಿಸಿ, ಹದಿನೈದು ನಿಮಿಷ ಕೂರಿಸಿ. ನಂತರ ಹೆಸರು ಕರೆದು ಒಂದು ನಿಮಿಷ ಮಾತ್ರ ಕೊಟ್ಟು ನೇರವಾಗಿ ಡು ಆರ್ ಡೈಗೆ ಕಳಿಸಿ. ರೈಡ್ ಮುಗಿದೊಡನೆ ಅವನದಲ್ಲದ ಜಾಗದಲ್ಲಿ ನಿಲ್ಲಿಸಿ ಎದುರಾಳಿ ರೈಡ್ ಬಿಡಿ. ಇದನ್ನು ಒಂದು ವಾರದಲ್ಲಿ ಬೇರೆ ಬೇರೆ ದಿನ ನಾಲ್ಕು ಸಲ ಮಾಡಿ. ಮೊದಲ ರೈಡಿನಲ್ಲೇ ದಮ್ಮು ಮುರಿಯುವವರು, ‘ನಾ ಎಲ್ಲಿ ನಿಂದರ್ಲಿ ಅಣ್ಣಾ?’ ಎಂದು ಕೋಚ್ ಕಡೆ ತಿರುಗಿ ನೋಡುವವರು ಇಲ್ಲೇ ಗೊತ್ತಾಗುತ್ತಾರೆ. ತಿರುಗಿ ನೋಡುವ ಹುಡುಗ ದಡ್ಡನಲ್ಲ. ಅವನಿಗೆ ಜಾಗವನ್ನು ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ, ಒಂದು ತಿಂಗಳು ಕೊಟ್ಟರೆ ಕಲಿಯುತ್ತಾನೆ.

ರೈಡರ್‌ಗಳ ಲೆಕ್ಕಕ್ಕೆ ಒಂದು ನೋಟ್‌ಬುಕ್ ಸಾಕು. ಒಬ್ಬೊಬ್ಬರಿಗೆ ಹತ್ತು ರೈಡ್: ನಾಲ್ಕು ಏಳು ಜನರ ಎದುರು, ಮೂರು ಐದು ಜನರ ಎದುರು, ಮೂರು ಡು ಆರ್ ಡೈ. ಟಚ್, ಬೋನಸ್, ಖಾಲಿ, ಸಿಕ್ಕಿಬಿದ್ದದ್ದು, ನಾಲ್ಕೇ ಕಾಲಂ. ಒಟ್ಟು ಪಾಯಿಂಟ್ ನೋಡಿ ಆರಿಸಿದರೆ ಏಳು ಜನರ ಎದುರು ಬೋನಸ್ ಮೇಲೆ ಬೋನಸ್ ತಂದವನೇ ಮೇಲೆ ಬರುತ್ತಾನೆ. ಕಾಲಂಗಳನ್ನು ಬೇರೆ ಬೇರೆ ಓದಿ.

ಟೈ ಆದರೆ ಬರುವ 5-5 ರೈಡನ್ನೂ ಆಯ್ಕೆಯ ದಿನವೇ ನೆನೆಯಿರಿ. ಅಲ್ಲಿ ಐದು ರೈಡನ್ನು ಐವರು ಬೇರೆ ಬೇರೆ ಆಟಗಾರರು ಮಾಡಬೇಕು, ಹೆಸರು ಮತ್ತು ಸರದಿಯನ್ನು ಮೊದಲೇ ಬರೆದುಕೊಡಬೇಕು. ಆಗ ಬಾಕ್ ಲೈನೇ (ಮಧ್ಯರೇಖೆಗೂ ಬೋನಸ್ ಗೆರೆಗೂ ನಡುವಿನ ಗೆರೆ) ಬೋನಸ್ ಗೆರೆ. ಮೂವರೇ ರೈಡರ್‌ಗಳಿರುವ ತಂಡದಲ್ಲಿ ನಾಲ್ಕನೆಯ, ಐದನೆಯ ರೈಡಿಗೆ ಕಾರ್ನರ್‌ನವರು ಹೋಗಬೇಕಾಗುತ್ತದೆ. ಅಭ್ಯಾಸದ ಕೊನೆಯ ಹತ್ತು ನಿಮಿಷ ಡಿಫೆಂಡರ್‌ಗಳಿಂದ ಬಾಕ್ ಲೈನ್ ದಾಟಿ ಬರುವುದನ್ನಷ್ಟೇ ಮಾಡಿಸಿದರೂ ಅವತ್ತು ಕೈ ಹಿಡಿಯುತ್ತದೆ.

ತೂಕದ ವಿಷಯದಲ್ಲಿ ದುರಾಸೆ ಬೇಡ. ಸೀನಿಯರ್ ಪುರುಷರಿಗೆ 85 ಕೆಜಿ, ಮಹಿಳೆಯರಿಗೆ 75, ಜೂನಿಯರ್ ಹುಡುಗರಿಗೆ 70. ಜಾತ್ರೆಯ ಟೂರ್ನಿಗಳು ಇದಕ್ಕಿಂತ ಕಡಿಮೆ ಮಿತಿ ಇಡುತ್ತವೆ. ಮಿತಿಗಿಂತ ಎರಡು ಕೆಜಿ ಹೆಚ್ಚಿರುವ ಹುಡುಗನನ್ನು ‘ಇಳಿಸ್ತಾನ’ ಎಂದು ನಂಬಿ ಬರೆದರೆ ಅವನು ಹಿಂದಿನ ದಿನ ನೀರು ಬಿಡುತ್ತಾನೆ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ನೀರು ಬಿಟ್ಟವನಿಗೆ ಎರಡನೆಯ ಪಂದ್ಯಕ್ಕೇ ಕಾಲು ಸೆಟೆಯುತ್ತದೆ, ತಲೆ ಸುತ್ತಿ ಬೀಳುವುದೂ ಉಂಟು. ಟೂರ್ನಿಗೆ ಹತ್ತು ದಿನ ಇರುವಾಗಲೇ ಮಿತಿಗಿಂತ ಒಂದು ಕೆಜಿ ಕೆಳಗಿರುವವನನ್ನು ಮಾತ್ರ ಬರೆಯಿರಿ.

ದಿನಾಂಕವನ್ನೂ ಕೇಳಿಕೊಳ್ಳಿ. ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರ್ ಓಡಿಸುವವನು, ಮಾರ್ಚ್‌ನಲ್ಲಿ ಪಿಯು ಪರೀಕ್ಷೆ ಇರುವವನು ಎಷ್ಟೇ ಒಳ್ಳೆಯ ಆಟಗಾರನಾದರೂ ಆ ವಾರದ ಬೆಂಚಿಗೆ ಬೇಡ. ಪರೀಕ್ಷೆ ಬಿಡಿಸಿ ಹುಡುಗನನ್ನು ಕರೆದೊಯ್ಯುವುದು ಯಾವ ಕಪ್ಪಿಗೂ ತಕ್ಕದ್ದಲ್ಲ.

ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನನ್ನು ಮ್ಯಾಟ್ ಟೂರ್ನಿಗೆ ಒಯ್ಯುವುದಾದರೆ ಎರಡು ವಾರ ಮೊದಲೇ ಶೂ ಹಾಕಿಸಿ. ಹೊಸ ಶೂ ಪಂದ್ಯದ ದಿನ ಹಾಕಿದರೆ ಹಿಮ್ಮಡಿ ಸುಲಿಯುತ್ತದೆ, ಮ್ಯಾಟ್ ಶೂವನ್ನು ಹಿಡಿದು ನಿಲ್ಲಿಸಿದಾಗ ಮೊಣಕಾಲು ತಿರುಚುತ್ತದೆ.

ಪಂದ್ಯದ ದಿನ ಬೆಂಚಿನವರನ್ನು ಬೆಳಗ್ಗೆಯೇ ತಪಾಸಣೆ ಮಾಡಿ: ಉಗುರು ಕತ್ತರಿಸಿದೆಯೇ, ಕಡಗ, ಉಂಗುರ, ಕೊರಳ ಸರ ತೆಗೆದಿದ್ದಾರೆಯೇ, ಮೈಗೆ ಎಣ್ಣೆ ಹಚ್ಚಿಲ್ಲವೇ, ಜರ್ಸಿಯ ಮೇಲೆ ಮುಂದೆ 4 ಇಂಚು, ಹಿಂದೆ 6 ಇಂಚಿನ ನಂಬರ್ ಇದೆಯೇ. ಮೊದಲ ಏಳು ಜನರನ್ನು ಪಂದ್ಯಕ್ಕೆ ಮುಂಚೆ ಅಂಪೈರ್ ನೋಡಿರುತ್ತಾರೆ, ಬೆಂಚಿನವನನ್ನು ನೋಡುವುದು ಒಳಗೆ ಹೋಗುವಾಗ. ಬಿಗಿಯಾದ ಕಡಗ ಕೈಯಿಂದ ಜಾರದೆ, ಸೋಪು ಹುಡುಕುವಷ್ಟರಲ್ಲಿ 30 ಸೆಕೆಂಡು ಮುಗಿದು ಟೈಮ್‌ಔಟ್ ಹಾಳಾಗುತ್ತದೆ. ಜಾತ್ರೆಯ ಹೋಳಿಗೆ ಊಟ ಪಂದ್ಯಗಳೆಲ್ಲ ಮುಗಿದ ಮೇಲೆ. ಅಲ್ಲಿಯವರೆಗೆ ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗೆ. ಪ್ರತಿ ಅರ್ಧದ ಹತ್ತನೆಯ ನಿಮಿಷಕ್ಕೆ ಐವರೂ ಎದ್ದು ಅಂಕಣದ ಹಿಂದೆ ಎರಡು ನಿಮಿಷ ಓಡಲಿ. ಕೋಚ್ ಕರೆಯುವವರೆಗೂ ಕಾಯುವುದು ಬೇಡ.