ಚಂದ್ರನ ಅಗಲ ಅಳೆದು ಸೂರ್ಯನ ಸೆಳೆತ ಹಿಡಿದಿದ್ದು: ನನ್ನ ಅನುಭವ

ಚಂದ್ರನ ಕಕ್ಷೆಯನ್ನು ಸೂರ್ಯ ಹಿಗ್ಗಿಸಿ ಕುಗ್ಗಿಸುವುದನ್ನು ಮನೆಯ ತಾರಸಿ ಮೇಲಿಂದ, ಎಂಟು ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಕನ್ನಡಿ ದೂರದರ್ಶಕ) ಮತ್ತು ಹಳೇ ಕ್ಯಾಮೆರಾದಿಂದ ಅಳೆಯಬಹುದು ಅಂತ ನಾನು ಹೇಳಿದಾಗ ನಮ್ಮ ಆಕಾಶ ವೀಕ್ಷಕರ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. ಪೆರಿಜಿ (ಚಂದ್ರ ಭೂಮಿಗೆ ಅತಿ ಹತ್ತಿರ ಬರುವ ಜಾಗ), ಅಪೋಜಿ (ಅತಿ ದೂರದ ಜಾಗ) ಇವುಗಳಲ್ಲಿ ಚಂದ್ರನ ಅಗಲದ ವ್ಯತ್ಯಾಸ ಸಿಗುತ್ತದೆ, ಅದು ಶೇ 14ರಷ್ಟಿದೆ, ಯಾರು ಬೇಕಾದರೂ ಹಿಡಿಯಬಹುದು ಅಂದರು. ಆದರೆ ಒಂದು ಪೆರಿಜಿಗೂ ಇನ್ನೊಂದು ಪೆರಿಜಿಗೂ ಇರುವ ವ್ಯತ್ಯಾಸ ಶೇ 4ಕ್ಕಿಂತ ಕಡಿಮೆ. ಗಾಳಿಯ ನಡುಕದಲ್ಲಿ ಅದು ಕಳೆದುಹೋಗುತ್ತದೆ ಅನ್ನುವುದು ಅವರ ವಾದ. ಕಳೆದುಹೋಗಲಿಲ್ಲ. ಸುಮಾರು 95 ಪಿಕ್ಸೆಲ್ ವ್ಯತ್ಯಾಸ ಸಿಕ್ಕಿತು. ನನ್ನ ಅಳತೆಯ ಅನಿಶ್ಚಿತತೆ ಎರಡು ಮೂರು ಪಿಕ್ಸೆಲ್ ಅಷ್ಟೇ.

ಈ ಹಂತಕ್ಕೆ ಬರುವ ಮೊದಲು ದುಡ್ಡು ಚೆನ್ನಾಗಿಯೇ ಹೋಯಿತು. ಮೊದಲು ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ಮೊಬೈಲ್ ಕಟ್ಟುವ ಅಡಾಪ್ಟರ್ ತಂದೆ, ಸಾವಿರದ ಐನೂರರ ಆಸುಪಾಸು. ಚಿತ್ರ ನೋಡಲು ಚೆನ್ನ, ಅಳೆಯಲು ಪ್ರಯೋಜನವಿಲ್ಲ. ಮೊಬೈಲ್ ಒಂದು ಮಿಲಿಮೀಟರ್ ಸರಿದರೂ ಸ್ಕೇಲ್ ಬದಲಾಗುತ್ತದೆ. ಆಮೇಲೆ ಸೂಪರ್‌ಝೂಮ್ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್. ಪೂರ್ತಿ ಝೂಮ್ ಮಾಡಿದರೆ ಫೋಕಲ್ ಲೆಂಗ್ತ್ ಒಂದೇ ಇರುತ್ತದೆ ಅಂತ ಎಲ್ಲರೂ ನಂಬುತ್ತಾರೆ. ಇರುವುದಿಲ್ಲ. ಒಂದೇ ರಾತ್ರಿ ಆಫ್ ಮಾಡಿ ಆನ್ ಮಾಡಿದರೆ ಚಂದ್ರನ ಅಗಲ ಆರೇಳು ಪಿಕ್ಸೆಲ್ ಬದಲಾಗುತ್ತಿತ್ತು. ಅದನ್ನು ಮಾರುವಾಗ ಹತ್ತು ಸಾವಿರದಷ್ಟು ಕೈ ಬಿಟ್ಟಿತು. ನಡುವೆ ಒಂದು ಅಗ್ಗದ ಬಾರ್ಲೋ (ಬಿಂಬ ಹಿಗ್ಗಿಸುವ ಮಸೂರ) ಕೂಡ ಬಂತು. ಅಂಚಿನಲ್ಲಿ ಬಣ್ಣ ಹರಡಿ, ಚಂದ್ರನ ಗಡಿ ಎಲ್ಲಿ ಅಂತಲೇ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ನಿಂತಿದ್ದು ಸರಳವಾದ ಜೋಡಣೆ. ನಾನೇ ಉಜ್ಜಿದ ಎಂಟು ಇಂಚಿನ ಎಫ್/6 ಕನ್ನಡಿ, ಫೋಕಲ್ ಲೆಂಗ್ತ್ 1200 ಮಿ.ಮೀ. ನಡುವೆ ಯಾವ ಗಾಜೂ ಇಲ್ಲ, ಪ್ರೈಮ್ ಫೋಕಸ್‌ನಲ್ಲಿ, ಅಂದರೆ ಕನ್ನಡಿಯ ಬಿಂಬ ನೇರ ಸೆನ್ಸರಿಗೆ ಬೀಳುವಂತೆ, ಹಳೇ ಕ್ಯಾನನ್ ಕ್ರಾಪ್ ಸೆನ್ಸರ್ ಬಾಡಿ. ಬಾಡಿಗೆ ಹದಿನಾಲ್ಕು ಸಾವಿರ ಕೊಟ್ಟ ನೆನಪು, ಕ್ಯಾಮೆರಾವನ್ನು ಟ್ಯೂಬಿಗೆ ಜೋಡಿಸುವ ಟಿ-ರಿಂಗ್ ಒಂದು ಸಾವಿರದೊಳಗೆ. ಫೋಕಸ್ ಒಳಗೆ ಬರದೆ, ಕನ್ನಡಿ ಕೂರುವ ಚೌಕಟ್ಟನ್ನು (ಸೆಲ್) ಟ್ಯೂಬಿನಲ್ಲಿ ಮೇಲಕ್ಕೆ ಸರಿಸಬೇಕಾಯಿತು. ಇಂಥ ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿದವರಿಗೆಲ್ಲ ಗೊತ್ತಿರುವ ತಲೆನೋವು ಇದು. ಪಿಕ್ಸೆಲ್‌ಗೆ 0.74 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ಬಂತು. ಹತ್ತಿರದ ಚಂದ್ರ 2700 ಪಿಕ್ಸೆಲ್ ದಾಟುತ್ತಾನೆ, ಆದರೂ ಸೆನ್ಸರಿನೊಳಗೆ ಆರಾಮಾಗಿ ಕೂರುತ್ತಾನೆ.

ಸ್ಕೇಲ್, ಅಂದರೆ ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್ ಅನ್ನುವುದನ್ನು ಮಾತ್ರ ಪ್ರತಿ ರಾತ್ರಿ ಹೊಸದಾಗಿ ತೆಗೆಯಲೇಬೇಕು. ಟ್ಯೂಬ್ ಕದಲಿಸದೆ ಒಂದು ನಕ್ಷತ್ರವನ್ನು ಫ್ರೇಮಿನ ಈ ಕಡೆಯಿಂದ ಆ ಕಡೆಗೆ ತೇಲಲು ಬಿಡುತ್ತೇನೆ. ಸೆಕೆಂಡಿಗೆ 15.04 ಆರ್ಕ್‌ಸೆಕೆಂಡ್, ಅದನ್ನು ಡಿಕ್ಲಿನೇಷನ್ನಿನ (ಆಕಾಶದ ಸಮಭಾಜಕದಿಂದ ನಕ್ಷತ್ರ ಇರುವ ಕೋನ) ಕೊಸೈನ್‌ನಿಂದ ಗುಣಿಸಬೇಕು. ಇದಕ್ಕೆ ಟ್ರ್ಯಾಕಿಂಗ್ ಇಲ್ಲದ ಡಾಬ್ ಆದರೇ ಒಳ್ಳೆಯದು. ಭೂಮಿ ತಾನೇ ತಿರುಗಿ ನಮಗೆ ಅಳತೆಕೋಲು ಕೊಡುತ್ತದೆ, ಬಿಟ್ಟಿಯಾಗಿ.

ಗಾಳಿ ನಡುಗಿದರೂ ತೊಂದರೆ ಇಲ್ಲ ಅನ್ನುವುದಕ್ಕೆ ಕಾರಣ ಇಷ್ಟೇ. ನಾನು ಎರಡು ತುದಿ ಹಿಡಿದು ಅಳೆಯುವುದಿಲ್ಲ. ಬೆಳಗಿದ ಅಂಚಿನ ಮೇಲೆ ನೂರಾರು ಬಿಂದು ತೆಗೆದು ವೃತ್ತ ಕೂರಿಸುತ್ತೇನೆ. ನಲವತ್ತು, ಐವತ್ತು ಫ್ರೇಮ್‌ಗಳಿಗೆ ಇದನ್ನೇ ಮಾಡಿ ಸರಾಸರಿ ತೆಗೆದರೆ ನಡುಕ ಸೋಲುತ್ತದೆ. ಅರ್ಧ ಚಂದ್ರನಿಗೂ ಇದೇ ದಾರಿ, ಟರ್ಮಿನೇಟರ್ (ಬೆಳಕು ಕತ್ತಲೆ ಸೇರುವ ಗೆರೆ) ಕಡೆ ತಿರುಗಿಯೂ ನೋಡಬಾರದು. ಎಕ್ಸ್‌ಪೋಷರ್ ಜಾಸ್ತಿಯಾದರೆ ಅಂಚು ಹೊರಗೆ ಉಬ್ಬುತ್ತದೆ, ಕಡಿಮೆಯಾದರೆ ಒಳಗೆ ಸರಿಯುತ್ತದೆ. ಹುಣ್ಣಿಮೆಗೂ ಅಷ್ಟಮಿಗೂ ಅಂಚಿನ ಬೆಳಕನ್ನು ಒಂದೇ ಮಟ್ಟಕ್ಕೆ ತರಲು ಯಾವ ಬಣ್ಣದ ಚಾನೆಲ್, ಎಷ್ಟು ಥ್ರೆಶೋಲ್ಡ್ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದು ಇಡೀ ಚಳಿಗಾಲ ಕೊಟ್ಟಿದ್ದೇನೆ. ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಅಳತೆಗಳಿಗೆ ಬರೋಣ. 2023ರ ಆಗಸ್ಟ್ 30ರ ರಾತ್ರಿ ಸೂಪರ್‌ಮೂನ್, ಅಂದರೆ ಪೆರಿಜಿಯ ಹತ್ತಿರದ ಹುಣ್ಣಿಮೆ. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಧಾರವಾಡದ ಕಡೆ ಚಂದ್ರನ ಆಸೆ ಬಿಡಬೇಕು. ಆ ವರ್ಷ ಮಳೆ ಕೈಕೊಟ್ಟಿತ್ತು. ದೇಶದ ಲೆಕ್ಕದಲ್ಲಿ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಹೊಲ ನೋಡಿದರೆ ಸಂಕಟ, ಆಕಾಶ ಮಾತ್ರ ತೆರೆದಿತ್ತು. ಪಕ್ಕದಲ್ಲೇ ಶನಿ ಇದ್ದ. ಅವತ್ತಿನ ಪೆರಿಜಿ ಸುಮಾರು 3,57,000 ಕಿ.ಮೀ. ಚಂದ್ರ ಎಷ್ಟು ಎತ್ತರದಲ್ಲಿದ್ದ ಅಂತ ನೋಡಿ, ಭೂಮಿಯ ಕೇಂದ್ರಕ್ಕೆ ಲೆಕ್ಕ ತಿದ್ದಿದ ಮೇಲೆ ನನಗೆ 2715 ಪಿಕ್ಸೆಲ್ ಬಂತು.

ಮುಂದಿನದು ನವೆಂಬರ್ 21. ಮತ್ತೆ ಪೆರಿಜಿ, ಆದರೆ ಚಂದ್ರ ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೇ. ಅಂದರೆ ಕಕ್ಷೆಯ ಉದ್ದನೆಯ ಅಕ್ಷ ಸೂರ್ಯನಿಗೆ ಹೆಚ್ಚು ಕಡಿಮೆ ಅಡ್ಡವಾಗಿತ್ತು. ಈ ಸಲ ಪೆರಿಜಿಯೇ 3,69,800 ಕಿ.ಮೀ. ದೂರದಲ್ಲಿ. ಅಳತೆ 2620. ಇದೇ ಆ 95 ಪಿಕ್ಸೆಲ್. ಎರಡೂ ಪೆರಿಜಿಯೇ, ಚಂದ್ರನೂ ಅವನೇ, ಟ್ಯೂಬೂ ಅದೇ. ಬದಲಾಗಿದ್ದು ಸೂರ್ಯ ಇರುವ ದಿಕ್ಕು ಮಾತ್ರ.

ಅಪೋಜಿ ಕಡೆ ಇಷ್ಟು ಉದಾರತೆ ಇಲ್ಲ. ನವೆಂಬರ್ 7ರ ಬೆಳಗಿನ ಜಾವ ಮೋಡದ ಸಂದಿನಲ್ಲಿ ತೆಗೆದಿದ್ದು 2397ರಷ್ಟು. 2024ರ ಫೆಬ್ರವರಿ 24ರ ಪುಟ್ಟ ಹುಣ್ಣಿಮೆ 2385. ವ್ಯತ್ಯಾಸ ಹನ್ನೆರಡೇ ಪಿಕ್ಸೆಲ್. ಅಪೋಜಿ 4,04,000ದಿಂದ 4,06,700ರ ಒಳಗೇ ಓಡಾಡುತ್ತದೆ, ಪೆರಿಜಿಯಾದರೆ 3,56,400ರಿಂದ 3,70,400ರವರೆಗೂ ಹೋಗುತ್ತದೆ. ಅದಕ್ಕೇ ಪೆರಿಜಿ ಹಿಡಿಯಿರಿ ಅಂತ ಹೇಳುವುದು. ಎಕ್ಸೆಂಟ್ರಿಸಿಟಿ (ಕಕ್ಷೆ ವೃತ್ತಕ್ಕಿಂತ ಎಷ್ಟು ಉದ್ದವಾಗಿದೆ ಅನ್ನುವ ಅಳತೆ) ತೆಗೆದು ನೋಡಿದೆ. ಅಕ್ಷ ಸೂರ್ಯನ ನೇರಕ್ಕಿದ್ದಾಗ 0.065, ಅಡ್ಡವಾಗಿದ್ದಾಗ 0.045. ಪುಸ್ತಕದ ಸರಾಸರಿ 0.055 ಸರಿಯಾಗಿ ಮಧ್ಯದಲ್ಲಿ ಕೂತಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ಅಡ್ಡಿಯನ್ನು ಮೊದಲೇ ತಿಳಿದುಕೊಳ್ಳಿ. ಒಳ್ಳೆಯ ಪೆರಿಜಿಗಳಲ್ಲಿ ಅರ್ಧದಷ್ಟು ಅಮಾವಾಸ್ಯೆಗೆ ಬೀಳುತ್ತವೆ. 2024ರ ಮಾರ್ಚ್ 10ರದ್ದು 3,57,000ದ ಒಳಗಿತ್ತು, ಆದರೆ ಕಾಣುವಂತಿರಲಿಲ್ಲ. ಮುಂದಿನ ತಿಂಗಳು ಏಪ್ರಿಲ್ 8ರಂದು ಅಮೆರಿಕದಲ್ಲಿ ಸೂರ್ಯ ಪೂರ್ತಿ ಮುಚ್ಚಿದ್ದು ಇದೇ ಹತ್ತಿರದ ಚಂದ್ರನಿಂದ. ಅಕ್ಟೋಬರ್ 2ಕ್ಕೆ ಅಪೋಜಿ ಚಂದ್ರ ಬಂದು ಬರೀ ಉಂಗುರ ಮಾಡಿದ. ಒಂದೇ ವರ್ಷದಲ್ಲಿ ಎರಡೂ.

ಫೆಬ್ರವರಿಯ ಆ ಹುಣ್ಣಿಮೆಯಲ್ಲಿ ಇನ್ನೊಂದು ಪ್ರಯೋಗವೂ ಆಯಿತು, ನನಗೆ ಅದೇ ಜಾಸ್ತಿ ಖುಷಿ ಕೊಟ್ಟಿದ್ದು. ಚಂದ್ರ ಹುಟ್ಟುವಾಗ ದೊಡ್ಡದಾಗಿ ಕಾಣುತ್ತಾನೆ, ಅಲ್ವಾ? ನಿಜಕ್ಕೂ ಆಗ ಸಣ್ಣವನು. ನೆತ್ತಿಗೆ ಬಂದಾಗ ನಾವು ಭೂಮಿಯ ಅರ್ಧ ದಪ್ಪದಷ್ಟು ಅವನ ಹತ್ತಿರ ಇರುತ್ತೇವೆ. ಅವತ್ತು ಚಂದ್ರ ಧಾರವಾಡದ ನೆತ್ತಿಗೆ ಕೆಲವೇ ಡಿಗ್ರಿಯಷ್ಟು ಹತ್ತಿರ ಹಾದುಹೋದ. 15 ಡಿಗ್ರಿ ಎತ್ತರದಲ್ಲಿ ಒಂದು ಸಾಲು ಫ್ರೇಮ್, ನಡುರಾತ್ರಿ ಇನ್ನೊಂದು ಸಾಲು. ಅಡ್ಡ ಅಗಲ ಮಾತ್ರ ಅಳೆಯಬೇಕು. ಕೆಳಗಿದ್ದಾಗ ಗಾಳಿ ಬೆಳಕನ್ನು ಬಾಗಿಸಿ ಉದ್ದವನ್ನು ಚಪ್ಪಟೆ ಮಾಡುತ್ತದೆ. ನಡುರಾತ್ರಿಯ ಚಂದ್ರ ಸುಮಾರು 27 ಪಿಕ್ಸೆಲ್ ದೊಡ್ಡವನಾಗಿದ್ದ. ಅದರಿಂದ ಭೂಮಿಯ ತ್ರಿಜ್ಯ 6,100 ಕಿ.ಮೀ. ಆಸುಪಾಸು ಬಂತು. ಸಮಭಾಜಕದಲ್ಲಿ ನಿಜ ಬೆಲೆ 6,378. ಕಡಿಮೆ ಬಂದಿದ್ದಕ್ಕೆ ಒಂದು ಕಾರಣವೂ ಇದೆ. ಅಪೋಜಿ ಮರುದಿನ ಇತ್ತು, ಆ ಐದು ಗಂಟೆಯಲ್ಲಿ ಚಂದ್ರ ನೂರು ಚಿಲ್ಲರೆ ಕಿ.ಮೀ. ದೂರ ಸರಿಯುತ್ತಲೇ ಇದ್ದ. ಬೇರೆ ದಿನಗಳಲ್ಲಿ ಈ ಸರಿತ ಗಂಟೆಗೆ 200 ಕಿ.ಮೀ.ವರೆಗೂ ಇರುತ್ತದೆ, ಲೆಕ್ಕವನ್ನೇ ಕೆಡಿಸುತ್ತದೆ. ಅದಕ್ಕೇ ಅಪೋಜಿ ಅಥವಾ ಪೆರಿಜಿಯ ಹಿಂದೆ ಮುಂದೆಯೇ ಈ ಪ್ರಯೋಗ ಮಾಡಿ.

ಕಾರವಾರದಲ್ಲಿ ಜೆಟ್ಟಿಯ ಕಂಬಕ್ಕೆ ಗುರುತು ಹಾಕಿ ಉಬ್ಬರ ಅಳೆಯಲು ಹೋಗಿದ್ದೆ. ಉಬ್ಬರದ ಬಲ ದೂರದ ಘನಕ್ಕೆ ವಿಲೋಮ. ನನ್ನ 2715ಕ್ಕೂ 2385ಕ್ಕೂ ಇರುವ ಅನುಪಾತದಲ್ಲಿ ಅದು ಶೇ 47ರಷ್ಟು ಬದಲಾಗಬೇಕು. ಆದರೆ ಅಲೆ, ಗಾಳಿ, ಕಾಳಿ ನದಿಯ ನೀರು ಎಲ್ಲ ಸೇರಿ ಗುರುತು ನಿಲ್ಲಲಿಲ್ಲ. ಬಸ್ಸು, ರೂಮು ಸೇರಿ ಮೂರು ಸಾವಿರ ಖರ್ಚು. ತಾರಸಿಯೇ ವಾಸಿ.

ಸೂರ್ಯನ ಸೆಳೆತದಿಂದ ಚಂದ್ರನ ಕಕ್ಷೆ ಹೀಗೆ ಬದಲಾಗುವುದಕ್ಕೆ ಎವೆಕ್ಷನ್ ಅನ್ನುತ್ತಾರೆ, ಇದು ಹೊಸದೇನಲ್ಲ. ಪ್ರಾಚೀನ ಗ್ರೀಕ್ ಖಗೋಳಜ್ಞ ಟಾಲೆಮಿ ಚಂದ್ರನ ಚಲನೆಯಲ್ಲಿ ಇದನ್ನು ವಿವರಿಸಿದ್ದ. ನಮ್ಮಲ್ಲಿ ಹತ್ತನೇ ಶತಮಾನದ ಖಗೋಳಜ್ಞ ಮುಂಜಾಲ ಚಂದ್ರನ ಸ್ಥಾನದ ಲೆಕ್ಕಕ್ಕೆ ಎರಡನೇ ತಿದ್ದುಪಡಿ ಕೊಟ್ಟ. ಆ ತಿದ್ದುಪಡಿ ಇಲ್ಲದ ಹಳೇ ಪದ್ಧತಿಯ ಪಂಚಾಂಗವನ್ನೂ ಇಂದಿನ ಖಗೋಳ ಲೆಕ್ಕದ ದೃಕ್ ಪಂಚಾಂಗವನ್ನೂ ಪಕ್ಕದಲ್ಲಿಟ್ಟು ನೋಡಿ. ಹುಣ್ಣಿಮೆ, ಅಮಾವಾಸ್ಯೆಯಲ್ಲಿ ಜಗಳ ಕಡಿಮೆ. ಅಷ್ಟಮಿ ಹೊತ್ತಿಗೆ ತಿಥಿಯ ಸಮಯದಲ್ಲಿ ಕೆಲವು ಸಲ ನಾಲ್ಕೈದು ಗಂಟೆ ವ್ಯತ್ಯಾಸ. ಏಕೆಂದರೆ ಹುಣ್ಣಿಮೆ, ಅಮಾವಾಸ್ಯೆಯಲ್ಲಿ ಐದು ಡಿಗ್ರಿಯ ಒಂದೇ ತಿದ್ದುಪಡಿ ಸಾಕು, ಅಷ್ಟಮಿಯಲ್ಲಿ ಅದು ಏಳೂವರೆ ಆಗಬೇಕು. ಗ್ರಹಣ ನೋಡಿ ಲೆಕ್ಕ ಕಟ್ಟಿದವರಿಗೆ ಅಷ್ಟಮಿಯ ಚಂದ್ರ ಪರೀಕ್ಷೆಗೇ ಸಿಗುವುದಿಲ್ಲ. ನನ್ನ ನವೆಂಬರಿನ ಅರ್ಧಚಂದ್ರನ ಫೋಟೋಗಳ ಬೆಲೆ ಇರುವುದು ಅಲ್ಲೇ.

ಮಾಡಿ ನೋಡುವವರಿಗೆ: ದೊಡ್ಡ ಹುಣ್ಣಿಮೆಯ ಸರದಿ ಸುಮಾರು 412 ದಿನಕ್ಕೊಮ್ಮೆ ಬರುತ್ತದೆ. 2026ರ ಡಿಸೆಂಬರ್ 24ರದ್ದು 3,56,700 ಕಿ.ಮೀ. ಆಸುಪಾಸು. 23ರ ರಾತ್ರಿಯೇ ಟ್ಯೂಬ್ ಹೊರಗಿಡಿ, ಆ ಹೊತ್ತಿಗೆ ಆಕಾಶವೂ ತಿಳಿಯಾಗಿರುತ್ತದೆ. ಅಲ್ಲಿಂದ ಮೂರು ಮೂರೂವರೆ ತಿಂಗಳು ಆಚೆಗೋ ಈಚೆಗೋ ಇರುವ ಪೆರಿಜಿಯನ್ನು ಜೋಡಿಯಾಗಿ ಹಿಡಿಯಿರಿ. ಎರಡರ ನಡುವೆ ಕ್ಯಾಮೆರಾ ಬದಲಿಸಬೇಡಿ.