ಟ್ರೈಟಿಲ್‌ನ ಹಳದಿ ಲೂಯಿಸ್ ಆಸಿಡ್‌ದೇ: ನನ್ನ ಅನುಭವ

ಟ್ರೈಟಿಲ್ ಕ್ಲೋರೈಡ್ ಅಂದರೆ ಒಂದು ಕಾರ್ಬನ್‌ಗೆ ಮೂರು ಬೆಂಜೀನ್ ಉಂಗುರ, ಒಂದು ಕ್ಲೋರಿನ್ ಅಂಟಿದ ಅಣು. ಡಿಸಿಎಂನಲ್ಲಿ (ಡೈಕ್ಲೋರೋಮೀಥೇನ್ ಎಂಬ ದ್ರಾವಕ) ಕರಗಿಸಿದ ಅದಕ್ಕೆ ಸ್ಟ್ಯಾನಿಕ್ ಕ್ಲೋರೈಡ್ ಬಿಟ್ಟ ಕೂಡಲೇ ಹಳದಿ ಬರುತ್ತದೆ. ಸ್ಟ್ಯಾನಿಕ್ ಕ್ಲೋರೈಡ್ ತವರದ ಕ್ಲೋರೈಡ್, ಒಂದು ಲೂಯಿಸ್ ಆಸಿಡ್, ಅಂದರೆ ಎಲೆಕ್ಟ್ರಾನ್ ಜೋಡಿಯನ್ನು ಪಡೆಯುವ ವಸ್ತು. ಅದು ಕ್ಲೋರಿನ್ ಕಿತ್ತುಕೊಂಡಾಗ ಉಳಿಯುವ ಧನ ಅಯಾನಿನ (ಕ್ಯಾಟಯಾನ್) ಬಣ್ಣ ಆ ಹಳದಿ ಅನ್ನುವುದು ನನ್ನ ಮಾತು. ನಮ್ಮ ವಿಭಾಗದ ಹಿರಿಯರೊಬ್ಬರು ಮಾತ್ರ ಒಪ್ಪಲಿಲ್ಲ. "ಅಲ್ರೀ, ಕರಾವಳಿಯ ಮಳೆಗಾಲದಲ್ಲಿ ಲೂಯಿಸ್ ಆಸಿಡ್ ಎಲ್ಲಿ ಉಳಿಯುತ್ತೆ? ತೇವ ತಾಗಿ ಎಚ್‌ಸಿಎಲ್ ಹುಟ್ಟಿದೆ, ಹಳದಿ ಅದರದ್ದು" ಅಂದರು. ಅಂದರೆ ಬಣ್ಣ ತರಿಸಿದ್ದು ಎಚ್‌ಸಿಎಲ್‌ನ ಪ್ರೋಟಾನ್ ಅಂತ ಅವರ ವಾದ. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. 1901ರಲ್ಲಿ ಟ್ರೈಫಿನೈಲ್ ಕಾರ್ಬಿನಾಲ್ (ಟ್ರೈಟಿಲ್ ಆಲ್ಕೊಹಾಲ್) ಹಳದಿಯಾಗಿ ಕಂಡಿದ್ದೂ ಸಲ್ಫ್ಯೂರಿಕ್ ಆಸಿಡ್‌ನಲ್ಲೇ ಅಲ್ವಾ? ಅವರಿಗೆ ಉತ್ತರ ಕೊಡಲು ನನಗೆ ಎರಡು ಮಳೆಗಾಲ ಹಿಡಿಯಿತು.

ಮೊದಲ ತಿಂಗಳು ಪೂರ್ತಿ ನಷ್ಟ. ದುಡ್ಡು ಉಳಿಸಲು ಪ್ಲಾಸ್ಟಿಕ್ ಕ್ಯುವೆಟ್ (ಬೆಳಕು ಹಾಯಿಸಿ ಬಣ್ಣ ಅಳೆಯಲು ದ್ರಾವಣ ತುಂಬುವ ಪುಟ್ಟ ಡಬ್ಬಿ) ತಂದೆ. ಡಿಸಿಎಂ ಹಾಕಿ ಎರಡು ನಿಮಿಷ ಆಗಿರಲಿಲ್ಲ, ಗೋಡೆ ಮಂಜು ಹಿಡಿದಂತೆ ಬೆಳ್ಳಗಾಯಿತು. ಆಮೇಲೆ ಕ್ವಾರ್ಟ್ಜ್ ಜೋಡಿಗೆ ಎಂಟು ಸಾವಿರ ಸುರಿದೆ. ಅದೂ ಬೇಕಿರಲಿಲ್ಲ, ಕ್ವಾರ್ಟ್ಜ್ ಬೇಕಾಗುವುದು ನೇರಳಾತೀತ ಬೆಳಕಿಗೆ. ನಮ್ಮ ಪೀಕ್‌ಗಳು, ಅಂದರೆ ಬೆಳಕನ್ನು ಅತಿ ಹೆಚ್ಚು ಹೀರುವ ತರಂಗಾಂತರಗಳು, ಇರುವುದು 410, 430 ನ್ಯಾನೋಮೀಟರ್ ಆಸುಪಾಸಿನಲ್ಲಿ. ಬಿಗಿಯಾದ ಟೆಫ್ಲಾನ್ ಮುಚ್ಚಳ ಇರುವ ಗಾಜಿನ ಕ್ಯುವೆಟ್ ಧಾರಾಳ ಸಾಕು.

ಡಿಸಿಎಂ ಖಾಲಿಯಾದಾಗ ಒಂದು ವಾರ ಕ್ಲೋರೋಫಾರ್ಮ್‌ನಲ್ಲಿ ಮಾಡಿದೆ. ಬಣ್ಣ ಬಂದು ಹೋಗುತ್ತಿತ್ತು, ಎರಡು ರೀಡಿಂಗ್ ಒಂದೇ ಥರ ಬರಲಿಲ್ಲ. ಬಾಟಲಿಯ ಲೇಬಲ್ ಓದಿದ ಮೇಲೆ ಗೊತ್ತಾಯಿತು, ಕೆಡದಿರಲಿ ಅಂತ ಅದಕ್ಕೆ ಎಥನಾಲ್ ಬೆರೆಸಿದ್ದರು. ನನ್ನ ಕ್ಯಾಟಯಾನ್ ಎಥನಾಲ್ ಹಿಡಿದು ಈಥರ್ ಆಗಿ ಕೂರುತ್ತಿತ್ತು.

ನಿಜವಾದ ಶತ್ರು ನೀರು. ಲೆಕ್ಕ ಹಾಕಿ ನೋಡಿ. ಮೋಲಾರ್ ಅಬ್ಸಾರ್ಪ್ಟಿವಿಟಿ (ಎಷ್ಟು ಬಲವಾಗಿ ಬೆಳಕು ಹೀರುತ್ತದೆ ಅನ್ನುವ ಅಳತೆ) 38-40 ಸಾವಿರ ಇರುವುದರಿಂದ ಟ್ರೈಟಿಲ್ 0.02 ಮಿಲಿಮೋಲಾರ್ ಆಸುಪಾಸಿನಲ್ಲೇ ಇಟ್ಟೆ, ತುಂಬಾ ಜಾಸ್ತಿ ಹಾಕಿದರೆ ಪೀಕ್‌ನ ತಲೆ ಚಪ್ಪಟೆಯಾಗುತ್ತದೆ. ಡಿಸಿಎಂನಲ್ಲಿ ಬರೀ 100 ಪಿಪಿಎಂ (ಹತ್ತು ಲಕ್ಷಕ್ಕೆ ನೂರು ಭಾಗ) ನೀರಿದ್ದರೂ ಅದು 7 ಮಿಲಿಮೋಲಾರ್‌ಗೂ ಮೇಲೆ. ಅಂದರೆ ಟ್ರೈಟಿಲ್‌ಗಿಂತ 350 ಪಟ್ಟು ನೀರು! 110 ಡಿಗ್ರಿ ಓವನ್‌ನಲ್ಲಿ ಇಟ್ಟ ಮಾಲಿಕ್ಯುಲರ್ ಸೀವ್ (ಸಣ್ಣ ರಂಧ್ರಗಳಲ್ಲಿ ನೀರು ಹೀರುವ ಕಾಳು) ಏನೂ ಮಾಡಲಿಲ್ಲ. ಮಫಲ್ ಫರ್ನೇಸ್‌ನಲ್ಲಿ ರಾತ್ರಿಯಿಡೀ 300 ಡಿಗ್ರಿಯಲ್ಲಿ ಕಾಯಿಸಿದ 3 ಆಂಗ್‌ಸ್ಟ್ರಾಮ್ ಸೀವ್ ಹಾಕಿದ ಮೇಲೆ ನೀರು 10 ಪಿಪಿಎಂ ಹತ್ತಿರಕ್ಕೆ ಇಳಿಯಿತು. ಆಗಲೂ ಟ್ರೈಟಿಲ್‌ನ 35 ಪಟ್ಟು. ಅದಕ್ಕೇ ನೀರು ತಿಂದರೂ ಮಿಗಲಿ ಅಂತ ಸ್ಟ್ಯಾನಿಕ್ ಕ್ಲೋರೈಡನ್ನು 10 ಮಿಲಿಮೋಲಾರ್ ಇಟ್ಟೆ.  430ರಲ್ಲಿ ಅಬ್ಸಾರ್ಬೆನ್ಸ್ (ಬೆಳಕು ಹೀರಿದ ಪ್ರಮಾಣ) 0.75 ಬಂತು, ಅರ್ಧ ಗಂಟೆ ಅಲುಗಲಿಲ್ಲ.

ಹಿರಿಯರು ಅದನ್ನು ನೋಡಿ, "ಪಿರಿಡೀನ್ ಹಾಕಿ ತೋರಿಸಿ. ಪ್ರೋಟಾನ್ ಹಿಡಿದರೆ ಬಣ್ಣ ಹೋಗುತ್ತೆ" ಅಂದರು. ಹಾಕಿದೆ. ಒಂದೇ ಹನಿಗೆ ಹಳದಿ ಮಾಯ. ಅವರು ನಕ್ಕು ಹೊರಟರು. ಅವತ್ತು ಊಟ ಸೇರಲಿಲ್ಲ. ಆದರೆ ಪಿರಿಡೀನ್ ಪ್ರೋಟಾನನ್ನಷ್ಟೇ ಹಿಡಿಯುವುದಿಲ್ಲ, ತವರಕ್ಕೂ ಅಂಟಿಕೊಳ್ಳುತ್ತದೆ. ಹಾಗಾಗಿ ಆ ಪರೀಕ್ಷೆಯಿಂದ ಯಾರ ಮಾತೂ ಸಾಬೀತಾಗುವುದಿಲ್ಲ.

ನನಗೆ ಬೇಕಿದ್ದದ್ದು 2,6-ಡೈ-ಟರ್ಟ್-ಬ್ಯುಟೈಲ್ ಪಿರಿಡೀನ್. ಅದರ ಸಾರಜನಕದ ಎರಡೂ ಪಕ್ಕದಲ್ಲಿ ಬ್ಯುಟೈಲ್ ಗುಂಪು ದಪ್ಪಗೆ ಕೂತಿರುತ್ತದೆ. ಪ್ರೋಟಾನ್ ನುಸುಳುತ್ತದೆ, ತವರ ನುಸುಳುವುದಿಲ್ಲ. ಒಂದು ಗ್ರಾಂಗೆ ಐದು ಸಾವಿರದ ಹತ್ತಿರ, ನನ್ನ ಜೇಬಿನಿಂದಲೇ ಕೊಟ್ಟೆ. ಎರಡು ಕ್ಯುವೆಟ್ ಜೋಡಿಸಿದೆ. ಒಂದರಲ್ಲಿ ಟ್ರೈಟಿಲ್ ಆಲ್ಕೊಹಾಲ್‌ಗೆ ಚೂರು ಟ್ರಿಫ್ಲಿಕ್ ಆಸಿಡ್ ಹಾಕಿ ಬರಿಸಿದ ಹಳದಿ, ಇನ್ನೊಂದರಲ್ಲಿ ನನ್ನ ಸ್ಟ್ಯಾನಿಕ್ ಕ್ಲೋರೈಡ್‌ನ ಹಳದಿ. ಎರಡಕ್ಕೂ ಪ್ರೋಟಾನ್ ಹಿಡಿಯುವ ಇದೇ ಬೇಸ್ ಬಿಟ್ಟೆ. ಮೊದಲನೆಯದು ನೀರಿನಂತೆ ತಿಳಿಯಾಯಿತು. ಎರಡನೆಯದರಲ್ಲಿ ನೂರಕ್ಕೆ ಐದಾರರಷ್ಟು ಇಳಿದು, ಅಲ್ಲೇ ನಿಂತಿತು. ಆ ಐದಾರು ಪಾಲು ಪ್ರೋಟಾನ್‌ದು ಅಂತ ಒಪ್ಪುತ್ತೇನೆ. ಉಳಿದದ್ದು ಲೂಯಿಸ್ ಆಸಿಡ್‌ದೇ. ಐದು ಬಾರಿ ಮಾಡಿದೆ, ಅದರಲ್ಲಿ ಮೂರು ಜುಲೈನಲ್ಲಿ.

ನಡುವೆ ಅಗ್ಗ ಅಂತ ಫೆರಿಕ್ ಕ್ಲೋರೈಡ್ ಪ್ರಯತ್ನಿಸಿದ್ದೆ. ಅದಕ್ಕೇ ಸ್ವಂತ ಹಳದಿ ಇದೆ, ಬ್ಲ್ಯಾಂಕ್ (ಟ್ರೈಟಿಲ್ ಇಲ್ಲದ ದ್ರಾವಣದ ರೀಡಿಂಗ್) ಕಳೆದರೂ ಪೀಕ್ ಸ್ವಚ್ಛ ಬರಲಿಲ್ಲ. ಎರಡು ಮಿಥಾಕ್ಸಿ ಗುಂಪು ಸೇರಿದ ಟ್ರೈಟಿಲ್, ಅಂದರೆ ಡೈಮಿಥಾಕ್ಸಿ ಟ್ರೈಟಿಲ್, ಮಾತ್ರ ಖುಷಿ ಕೊಟ್ಟಿತು. ಜಿಂಕ್ ಬ್ರೋಮೈಡ್‌ನಂಥ ಮೆತ್ತಗಿನ ಆಸಿಡ್‌ಗೂ ಕಿತ್ತಳೆ ಬಣ್ಣ, ಪೀಕ್ 500ರ ಸ್ವಲ್ಪ ಕೆಳಗೆ. ಡಿಎನ್‌ಎ ತುಂಡು ಕಟ್ಟುವವರು ಪ್ರತಿ ಹಂತದ ಇಳುವರಿ ಅಳೆಯುವುದು ಇದೇ ಕಿತ್ತಳೆಯಿಂದ.

ಕೊನೆಗೆ ಗಟ್ಟಿ ದ್ರಾವಣ ಮಾಡಿ ಎನ್‌ಎಂಆರ್‌ಗೂ (ಅಣುವಿನ ರಚನೆ ತೋರಿಸುವ ಪರೀಕ್ಷೆ) ಕಳಿಸಿದೆ. ಟ್ರೈಟಿಲ್ ಕ್ಲೋರೈಡ್‌ನಲ್ಲಿ 81 ಪಿಪಿಎಂನಲ್ಲಿದ್ದ (ಇಲ್ಲಿ ಪಿಪಿಎಂ ಎನ್‌ಎಂಆರ್‌ನ ಅಳತೆ) ನಡುವಿನ ಕಾರ್ಬನ್ 211ಕ್ಕೆ ಹಾರಿತ್ತು, ಅಂದರೆ ಕ್ಯಾಟಯಾನ್ ಆಗಿತ್ತು. ಪ್ರಿಂಟ್ ಹಿಡಿದು ಹಿರಿಯರ ಹತ್ತಿರ ಹೋದೆ. ಅವರು ಅದನ್ನು ಪಕ್ಕಕ್ಕಿಟ್ಟು, "ಆ ಕ್ಯುವೆಟ್ ತೋರಿಸ್ರೀ" ಅಂದರು. ಸಿರಿಂಜ್ ತಾವೇ ತೆಗೆದುಕೊಂಡು ಇನ್ನೆರಡು ಹನಿ ಬೇಸ್ ಬಿಟ್ಟರು. ಐದು ನಿಮಿಷ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹಳದಿ ಹಾಗೇ ಇತ್ತು.